ಏರುಮಡಿಗೆ ಗಾಳಿಗೆ ಬೀಳದ ಬಿದಿರಿನ ಚಪ್ಪರ

ಏರುಮಡಿಯ, ಅಂದರೆ ನೆಲಕ್ಕಿಂತ ಎತ್ತರಕ್ಕೆ ಕಟ್ಟಿ ಮಣ್ಣು ತುಂಬಿದ ಮಡಿಯ ಚಪ್ಪರ ಕಾಯಿಯ ಭಾರಕ್ಕೆ ಬೀಳುವುದು ಕಡಿಮೆ. ಬೀಳುವುದು ಗಾಳಿಗೆ. ಮಡಿಯೊಳಗೆ ನಾವು ತುಂಬುವುದು ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಕಲಸಿದ ಸಡಿಲ ಮಣ್ಣು. ಬೇರಿಗೆ ಅದೇ ಬೇಕು, ಆದರೆ ಗಳಕ್ಕೆ ಅದರಲ್ಲಿ ಹಿಡಿತವೇ ಸಿಗುವುದಿಲ್ಲ. ಬಳ್ಳಿ ಮೊಣಕಾಲೆತ್ತರ ಇರುವಾಗ ಇದು ಗೊತ್ತೇ ಆಗುವುದಿಲ್ಲ. ಹೀರೆ ಬಳ್ಳಿ ಮೇಲಿನ ತನಕ ಎಲೆ ತುಂಬಿಕೊಂಡ ಮೇಲೆ ಅದು ದೋಣಿಯ ಹಾಯಿ ಇದ್ದಂತೆ, ಆಷಾಢದ ಗಾಳಿ ಒಂದು ಸಲ ಜೋರಾಗಿ ಬೀಸಿದರೆ ಗಳ ವಾಲುತ್ತದೆ, ಅದರ ಜೊತೆ ಬೇರೂ ಅಲ್ಲಾಡಿ ಮೂರು ದಿನದಲ್ಲಿ ಬಳ್ಳಿ ಬಾಡುತ್ತದೆ.

ಆದ್ದರಿಂದ ಮೊದಲ ಮಾತು: ಗಳವನ್ನು ಮಡಿಯೊಳಗೆ ಹೂಳಬೇಡಿ. ಮಡಿಯ ಹೊರಗೆ, ಗಟ್ಟಿ ನೆಲದಲ್ಲಿ ಹೂಳಿ.

ಎರಡನೆಯದು, ಒಂದೇ ಸಾಲಿನಲ್ಲಿ ಗೋಡೆಯಂತೆ ನೆಟ್ಟಗೆ ನಿಲ್ಲಿಸುವ ಬದಲು ಎರಡೂ ಕಡೆಯಿಂದ ಗಳ ಓರೆಯಾಗಿ ತಂದು ಮೇಲೆ ಕೂಡಿಸಿ. ಎ ಆಕಾರದ ಚಪ್ಪರ ಅಂತ ಹೇಳ್ತಾರಲ್ಲ, ಅದೇ. ಗಾಳಿ ಯಾವ ಪಕ್ಕದಿಂದ ತಳ್ಳಿದರೂ ಇನ್ನೊಂದು ಪಕ್ಕದ ಕಾಲು ತಡೆಯುತ್ತದೆ. ಇನ್ನೂ ಒಂದು ಲಾಭ ಇದೆ. ಕಾಯಿ ಇಳಿಜಾರಿನ ಒಳಮುಖಕ್ಕೆ ಇಳಿಬೀಳುತ್ತದೆ, ಎಲೆಯ ಮರೆಯಲ್ಲಿ ಬಲಿತುಹೋಗುವ ಮೊದಲೇ ಕಣ್ಣಿಗೆ ಬೀಳುತ್ತದೆ. ಹೀರೇಕಾಯಿ ಒಂದೆರಡು ದಿನ ಕಣ್ತಪ್ಪಿದರೆ ನಾರೇ, ಅಲ್ವಾ?

ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದ, ಒಂದು ಅಡಿ ಎತ್ತರದ ಮಡಿ ಇದೆ ಅಂತ ಇಟ್ಟುಕೊಳ್ಳೋಣ. ಇದಕ್ಕೆ ಎಂಟು ಅಡಿ ಉದ್ದದ ಆರು ಗಳ ಬೇಕು, ಒಂದೂವರೆಯಿಂದ ಎರಡು ಇಂಚು ದಪ್ಪದವು. ಮೇಲೆ ಅಡ್ಡಕ್ಕೆ ಹಾಕಲು ಒಂಬತ್ತು ಅಡಿಯ ಒಂದು ಗಳ. ಉಳಿದದ್ದಕ್ಕೆ ಸೀಳಿದ ಬಿದಿರಿನ ದಬ್ಬೆಗಳು ಸಾಕು, ಮಲೆನಾಡು ಕರಾವಳಿಯವರಾದರೆ ಅಡಿಕೆ ದಬ್ಬೆ ಮನೆಯ ಹತ್ತಿರವೇ ಸಿಗುತ್ತದೆ. ಬಿದಿರು ಸಿಗದ ಕಡೆ ಸರ್ವೆ ಗಳ ಆಗುತ್ತದೆ, ಕಟ್ಟಡದ ಸಾಮಾನು ಮಾರುವ ಕಡೆ ವಿಚಾರಿಸಿ.

ಬಿದಿರು ಆರಿಸುವಾಗ ಸ್ವಲ್ಪ ತಾಳ್ಮೆ ಇರಲಿ. ಎಳೆ ಬಿದಿರು ಒಣಗಿದಾಗ ಸುಕ್ಕಾಗುತ್ತದೆ, ಕಟ್ಟಿದ ಕಟ್ಟೆಲ್ಲ ಸಡಿಲವಾಗುತ್ತದೆ, ಅದರಲ್ಲಿ ಸಿಹಿ ಅಂಶ ಜಾಸ್ತಿ ಇರುವುದರಿಂದ ಬಿದಿರು ಕೊರೆದು ಪುಡಿ ಮಾಡುವ ಕುಟ್ಟೆ ಹುಳುವೂ ಬೇಗ ಹಿಡಿಯುತ್ತದೆ. ಮೂರು ವರ್ಷ ದಾಟಿದ, ತಟ್ಟಿದರೆ ಗಟ್ಟಿ ಸದ್ದು ಕೊಡುವ ಗಳ ಒಳ್ಳೆಯದು. ಅಮಾವಾಸ್ಯೆ ಹತ್ತಿರ ಕಡಿದರೆ ಕುಟ್ಟೆ ಹಿಡಿಯುವುದಿಲ್ಲ ಎನ್ನುತ್ತಾರೆ ಹಳಬರು. ಇರಬಹುದು, ಆದರೆ ನಾನು ತಿಥಿಗಿಂತ ಕಾಲ ನೋಡುತ್ತೇನೆ: ಮಳೆ ಮುಗಿದು ಬಿದಿರು ಒಣಗುವ ಹೊತ್ತಿನಲ್ಲಿ ಕಡಿದದ್ದು ಬಾಳಿಕೆ ಬರುತ್ತದೆ. ಹತ್ತಿರ ಕೆರೆಯೋ ತೊಟ್ಟಿಯೋ ಇದ್ದರೆ ಎರಡು ಮೂರು ವಾರ ನೀರಲ್ಲಿ ಮುಳುಗಿಸಿಟ್ಟು, ಆಮೇಲೆ ನೆರಳಲ್ಲಿ ಒಣಗಿಸಿ. ವಾಸನೆ ಬರುತ್ತದೆ, ಸಹಿಸಿಕೊಳ್ಳಿ. ನೆಲದೊಳಗೆ ಹೋಗುವ ಭಾಗವೂ ಸೇರಿ ಬುಡದ ಎರಡು ಅಡಿಯನ್ನು ಬೆಂಕಿಯಲ್ಲಿ ಮೇಲ್ಮೈ ಕಪ್ಪಾಗುವಷ್ಟು ಸುಟ್ಟುಕೊಂಡರೆ ಗೆದ್ದಲು ಸ್ವಲ್ಪ ತಡವಾಗುತ್ತದೆ. ಗಾಡಿಯ ಹಳೇ ಆಯಿಲ್ ಬಳಿಯುವವರಿದ್ದಾರೆ, ತಿನ್ನುವ ತರಕಾರಿಯ ಬುಡದಲ್ಲಿ ಅದು ಬೇಡ. ಏನೇ ಮಾಡಿದರೂ ಮಣ್ಣಿಗೆ ತಾಗಿದ ಬಿದಿರು ಹೆಚ್ಚು ಕಾಲ ಉಳಿಯುವುದಿಲ್ಲ, ಏನೂ ಮಾಡದೆ ಸುಮ್ನೆ ನೆಟ್ಟರೆ ಒಂದೆರಡು ವರ್ಷ ಅಷ್ಟೇ.

ಈಗ ಗುಂಡಿ. ಇದು ಬೀಜ ಹಾಕುವ ಮೊದಲೇ ಆಗಬೇಕು, ಬಳ್ಳಿ ಎದ್ದ ಮೇಲೆ ಸುತ್ತ ಹಾರೆ ಹಾಕಿದರೆ ಬೇರಿಗೆ ಏಟು. ಮಡಿಯ ಉದ್ದದ ಎರಡೂ ಕಡೆ, ಎರಡು ತುದಿಯಲ್ಲಿ ಮತ್ತು ನಡುವೆ, ಹೀಗೆ ಒಂದೊಂದು ಕಡೆಗೆ ಮೂರು ಗುಂಡಿ. ಗುಂಡಿ ಮಡಿಯ ಗೋಡೆಗೆ ಅಂಟಿಕೊಂಡಿರಬಾರದು, ಗೋಡೆಯಿಂದ ಅರ್ಧ ಅಡಿ ದೂರ ಇರಲಿ. ಏಕೆಂದರೆ ಗಳ ಒಳಮುಖವಾಗಿ ವಾಲುತ್ತದೆ, ಒಂದು ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ಸುಮಾರು ಐದೂವರೆ ಇಂಚು ಒಳಗೆ ಬಂದಿರುತ್ತದೆ. ಅರ್ಧ ಅಡಿ ಬಿಟ್ಟರೆ ಗಳ ಸರಿಯಾಗಿ ಮಡಿಯ ಮೇಲಂಚಿಗೆ ಒರಗುತ್ತದೆ. ಹಾರೆಯನ್ನೂ ಅದೇ ಓರೆಯಲ್ಲಿ ಹೊಡೆಯಿರಿ. ನೆಲ ಗಟ್ಟಿ ಇದ್ದರೆ ಹಿಂದಿನ ದಿನ ಅಲ್ಲಿ ಒಂದು ಕೊಡ ನೀರು ಸುರಿದಿಡಿ. ಒಂದೂವರೆ ಅಡಿ ಆಳ ಸಾಕು. ಗಳ ಇಳಿಸಿ ಸುತ್ತ ಕಲ್ಲಿನ ಚೂರು, ಮಣ್ಣು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹಾರೆಯ ಹಿಂಬದಿಯಿಂದ ಜಡಿಯಿರಿ. ಸಿಮೆಂಟ್ ಬೇಡ, ಮುಂದಿನ ಸಲ ಗಳ ಬದಲಾಯಿಸುವಾಗ ನಿಮಗೇ ಕಷ್ಟ.

ಎದುರುಬದುರು ಗಳಗಳು ಮೇಲೆ ಅರ್ಧ ಅಡಿ ದಾಟಿಕೊಳ್ಳುವ ಹಾಗೆ ಕೂಡಿಸಿ ಬಿಗಿಯಿರಿ. ಆ ಕವಲಿನಲ್ಲಿ ಉದ್ದನೆಯ ಗಳ ಮಲಗಿಸಿ. ಕೂಡಿದ ಜಾಗ ನೆಲದಿಂದ ಐದೂವರೆ ಅಡಿ ಎತ್ತರಕ್ಕೆ ಬರುತ್ತದೆ, ಸ್ಟೂಲ್ ಹತ್ತದೆ ಕೈಗೆ ಸಿಗುವ ಎತ್ತರ. ಪಡವಲ ಹಾಕುವವರು ಮಾತ್ರ ಹತ್ತು ಅಡಿ ಗಳ ತನ್ನಿ, ಗುಂಡಿಯನ್ನು ಗೋಡೆಗೆ ಒಂದೆರಡು ಇಂಚು ಹತ್ತಿರ ತೋಡಿ. ಅದರ ಕಾಯಿ ಉದ್ದ, ನೆಲ ಮುಟ್ಟಿದರೆ ಸುರುಳಿ ಸುತ್ತುತ್ತದೆ, ತುದಿಗೆ ಸಣ್ಣ ಕಲ್ಲು ಕಟ್ಟಿ ನೇರ ಮಾಡುವುದು ಹೇಗೂ ಗೊತ್ತೇ ಇದೆ.

ಬಿದಿರಿಗೆ ಮೊಳೆ ಹೊಡೆಯಬೇಡಿ, ಸೀಳುತ್ತದೆ. ಬೈಂಡಿಂಗ್ ವೈರ್ ಎರಡು ಸುತ್ತು ಹಾಕಿ ಕಟಿಂಗ್ ಪ್ಲೇಯರ್‌ನಲ್ಲಿ ತಿರುವಿ, ಚೂಪು ತುದಿಯನ್ನು ಒಳಕ್ಕೆ ಮಡಚಿ. ಇಲ್ಲದಿದ್ದರೆ ಕಾಯಿ ಕೀಳುವಾಗ ಕೈ ಗೀರುತ್ತದೆ. ನನಗೆ ಅದಕ್ಕಿಂತ ಇಷ್ಟ ಹಳೇ ಸೈಕಲ್ ಟ್ಯೂಬ್. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಒಂದು ಇಂಚು ಅಗಲಕ್ಕೆ ಪಟ್ಟಿ ಕತ್ತರಿಸಿ, ಎಳೆದು ಎಳೆದು ಸುತ್ತಿ. ಜಾರುವ ಬಿದಿರನ್ನು ರಬ್ಬರ್ ಹಿಡಿದ ಹಾಗೆ ತಂತಿ ಹಿಡಿಯುವುದಿಲ್ಲ, ಗಳ ಒಣಗಿ ಸಣ್ಣಗಾದರೂ ಬಿಗಿ ಉಳಿಯುತ್ತದೆ. ಬಿಸಿಲಿಗೆ ಬಿರುಕು ಬಿಡುತ್ತದೆ ನಿಜ, ವರ್ಷಕ್ಕೊಮ್ಮೆ ನೋಡಿ ಬದಲಾಯಿಸಿ. ಕೆಳಗೆ ಗಳ ಮಡಿಯ ಅಂಚಿಗೆ ತಾಗುವ ಕಡೆಯೂ ಒಂದು ಕಟ್ಟು ಬೇಕು, ಮಡಿ ಮರದ್ದಾದರೆ ಸುಲಭ. ಇಟ್ಟಿಗೆಯದ್ದಾದರೆ ಒರಗಿದರೆ ಸಾಕು. ಹಾಲೋ ಬ್ಲಾಕ್ ಮಡಿಯವರು ಬ್ಲಾಕಿನ ತೂತಿಗೇ ಗಳ ಇಳಿಸಿಬಿಡುತ್ತಾರೆ, ನೋಡಲು ಚೆನ್ನಾಗಿರುತ್ತದೆ. ಸಿಮೆಂಟ್ ಹಾಕಿ ಕಟ್ಟದ ಬ್ಲಾಕ್ ಆದರೆ ಗಾಳಿಗೆ ಬ್ಲಾಕೇ ಮಗುಚುತ್ತದೆ.

ಎ ಆಕಾರಕ್ಕೂ ಒಂದು ದೌರ್ಬಲ್ಯ ಇದೆ. ಪಕ್ಕದ ಗಾಳಿಗೆ ಗಟ್ಟಿ, ಉದ್ದಕ್ಕೆ ತಳ್ಳಿದರೆ ಓಲಾಡುತ್ತದೆ. ತುದಿಯ ಗಳದ ಬುಡದಿಂದ ನಡುವಿನ ಗಳದ ತಲೆಗೆ ಒಂದು ದಬ್ಬೆ ಓರೆಯಾಗಿ ಕಟ್ಟಿ, ಎರಡೂ ಕಡೆ. ಈ ಎರಡು ದಬ್ಬೆ ಕಟ್ಟದಿದ್ದರೆ ಉಳಿದ ಕೆಲಸವೆಲ್ಲ ವ್ಯರ್ಥ.

ಆಮೇಲೆ ಬಳ್ಳಿ ಹಿಡಿಯಲು ಏನು ಕೊಡಬೇಕು ಎಂಬುದು ಬೆಳೆಯ ಮೇಲೆ ಹೋಗುತ್ತದೆ. ಅಲಸಂದೆ, ಚಪ್ಪರದವರೆ, ಬಸಳೆ ಇವೆಲ್ಲ ಕಾಂಡದಿಂದಲೇ ಆಸರೆಯನ್ನು ಸುತ್ತಿಕೊಂಡು ಹತ್ತುತ್ತವೆ, ಅವಕ್ಕೆ ಕೆಳಗಿನಿಂದ ಮೇಲೆ ಹೋಗುವ ದಾರ ಬೇಕು, ಅಡ್ಡ ದಾರ ದಂಡ. ಹಾಗಲ, ಹೀರೆ, ಸೌತೆ, ಪಡವಲ ಹಾಗಲ್ಲ, ಅವು ಕಾಂಡದಿಂದ ಹೊರಡುವ ಸಣ್ಣ ಎಳೆಗಳಿಂದ ಹಿಡಿಯುತ್ತವೆ. ಆ ಎಳೆ ದಪ್ಪ ಗಳವನ್ನು ಸುತ್ತಲಾರದು, ತೆಳ್ಳಗಿನ ದಾರ ಅಥವಾ ಬಲೆ ಬೇಕು, ಅಡ್ಡಕ್ಕೂ ಇದ್ದರೆ ಒಳ್ಳೆಯದು. ಮಡಿಯ ಮಣ್ಣಿನಿಂದ ಅರ್ಧ ಅಡಿ ಮೇಲೆ ಒಂದು ದಬ್ಬೆ ಉದ್ದಕ್ಕೆ ಕಟ್ಟಿ, ಅಲ್ಲಿಂದ ಮೇಲಿನ ಗಳಕ್ಕೆ ಮುಕ್ಕಾಲು ಅಡಿಗೊಂದರಂತೆ ದಾರ ಬಿಗಿಯಿರಿ. ಅಲಸಂದೆಗೆ ಸೆಣಬಿನ ದಾರ ಸಾಕು. ಹೀರೆ, ಹಾಗಲಕ್ಕೆ ತೆಂಗಿನ ನಾರಿನ ಹುರಿ ಕಟ್ಟಿ, ಮಳೆಗಾಲದಲ್ಲಿ ಸೆಣಬು ಕೊಳೆತು ಬೆಳೆ ಅರ್ಧದಲ್ಲಿರುವಾಗ ಹರಿಯುತ್ತದೆ.

ನೈಲಾನ್ ಬಲೆ ಸುಲಭ, ನಿಜ. ತಂದರೆ ಕೈ ತೂರುವಷ್ಟು ದೊಡ್ಡ ಕಣ್ಣಿನದ್ದು ತನ್ನಿ, ಅರ್ಧ ಅಡಿಯ ಕಣ್ಣಾದರೂ ಇರಲಿ. ಸಣ್ಣ ಕಣ್ಣಿನಲ್ಲಿ ಎಳೆ ಸೌತೆ ಸಿಕ್ಕಿಕೊಂಡು ಸೊಂಟ ಹಿಂಡಿದಂತೆ ಬೆಳೆಯುತ್ತದೆ. ಕೇರೆ ಹಾವು ಕೂಡ ಸಣ್ಣ ಕಣ್ಣಿನ ಬಲೆಯಲ್ಲಿ ಸಿಕ್ಕಿ ಸಾಯುತ್ತದೆ, ಇಲಿ ಹಿಡಿಯುವ ಹಾವು ಅದು. ಬಲೆಯನ್ನು ಮಣ್ಣಿಗೆ ತಾಗಿಸದೆ ಒಂದು ಅಡಿ ಮೇಲಕ್ಕೆ ನಿಲ್ಲಿಸಿ.

ದಿಕ್ಕಿನ ಬಗ್ಗೆ ಹೊರದೇಶದ ವಿಡಿಯೋಗಳಲ್ಲಿ ಚಪ್ಪರ ಉತ್ತರದ ಅಂಚಿಗೇ ಇರಬೇಕು ಎನ್ನುತ್ತಾರೆ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವೆಲ್ಲ ದಕ್ಷಿಣಕ್ಕೇ ಇರುತ್ತಾನೆ. ನಮ್ಮ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ತಲೆಯ ಮೇಲಿಂದ ಸ್ವಲ್ಪ ಉತ್ತರಕ್ಕೇ ಹೋಗಿರುತ್ತಾನೆ. ಮಡಿ ಇನ್ನೂ ಕಟ್ಟಿಲ್ಲವಾದರೆ ಉದ್ದವನ್ನು ಉತ್ತರ ದಕ್ಷಿಣಕ್ಕೆ ಇಡಿ, ಒಂದು ಮುಖಕ್ಕೆ ಬೆಳಗಿನ ಬಿಸಿಲು, ಇನ್ನೊಂದಕ್ಕೆ ಮಧ್ಯಾಹ್ನದ ನಂತರದ್ದು. ಈಗಾಗಲೇ ಕಟ್ಟಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಚಪ್ಪರದ ಒಳಗಿನ ನೆರಳಿನಲ್ಲಿ ಬೇಸಿಗೆಯಲ್ಲಿ ಕೊತ್ತಂಬರಿ, ಪಾಲಕ್ ಹೊರಗಿಗಿಂತ ಚೆನ್ನಾಗಿ ಬರುತ್ತವೆ.

ತಾರಸಿಯಲ್ಲಿ ಮಡಿ ಇದ್ದವರಿಗೆ ನೆಲವೇ ಇಲ್ಲ. 20 ಲೀಟರಿನ ಹಳೇ ಪೇಂಟ್ ಬಕೆಟ್ ನಾಲ್ಕು ತೆಗೆದುಕೊಂಡು, ಮೇಲೆ ಒಯ್ದ ನಂತರವೇ ಗಳ ನಿಲ್ಲಿಸಿ ಕಾಂಕ್ರೀಟ್ ತುಂಬಿ, ತುಂಬಿದ ಬಕೆಟ್ 45 ಕೆಜಿ ದಾಟುತ್ತದೆ. ಅವುಗಳನ್ನು ಪ್ಯಾರಪೆಟ್ ಗೋಡೆಯ ಪಕ್ಕ ಇಡಿ, ತಾರಸಿಯ ನಡುವೆ ಬೇಡ. ತಾರಸಿಗೆ ಡ್ರಿಲ್ ಹಾಕಬೇಡಿ, ನೀರು ಸೋರಲು ಅದೇ ದಾರಿ. ಅಲ್ಲಿ ಗಾಳಿಯೂ ಜಾಸ್ತಿ, ಐದು ಅಡಿಗಿಂತ ಎತ್ತರದ ಆಸೆ ಬಿಡಿ.

ಹೀರೆ, ಹಾಗಲ ಗಿಡದಿಂದ ಗಿಡಕ್ಕೆ ಎರಡು ಅಡಿ ಬಿಡಿ, ಅಲಸಂದೆಗೆ ಒಂದು ಅಡಿ. ಮೊದಲ ಒಂದು ವಾರ ಕುಡಿಯನ್ನು ಕೈಯಾರೆ ದಾರಕ್ಕೆ ತೋರಿಸಬೇಕು, ಕಟ್ಟುವುದಾದರೆ ಸಡಿಲವಾಗಿ. ಕುಂಬಳವನ್ನು ಚಪ್ಪರಕ್ಕೆ ಹತ್ತಿಸಬೇಡಿ, ನೆಲದಲ್ಲೇ ಹರಿಯಲಿ. ತೊಂಡೆ, ಸೀಮೆಬದನೆ ವರ್ಷಗಟ್ಟಲೆ ನಿಲ್ಲುವ ಬಳ್ಳಿಗಳು, ಅವಕ್ಕೆ ಕಲ್ಲುಕಂಬ, ಜಿಐ ತಂತಿಯ (ತುಕ್ಕು ತಡೆಯಲು ಸತು ಲೇಪಿಸಿದ ಕಬ್ಬಿಣದ ತಂತಿ) ಕಾಯಂ ಚಪ್ಪರ ಬೇರೆಯೇ ಮಾಡಿ.

ಬೆಳೆ ಮುಗಿದ ಮೇಲೆ ಬಳ್ಳಿಯನ್ನು ದಾರದಿಂದ ಬಿಡಿಸುತ್ತಾ ಕೂರಬೇಡಿ. ನಾರು, ಸೆಣಬು ಆದರೆ ದಾರ ಸಮೇತ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿ. ನಂತರ ಪ್ರತಿ ಗಳವನ್ನೂ ನೆಲದ ಮಟ್ಟದಲ್ಲಿ ಹಿಡಿದು ಅಲ್ಲಾಡಿಸಿ, ಕೊಳೆಯುವುದು ಅಲ್ಲೇ ಮೊದಲು. ಮೆತ್ತಗಾಗಿದ್ದರೆ ಬುಡದ ಎರಡು ಅಡಿ ಕತ್ತರಿಸಿ ಉಳಿದದ್ದನ್ನು ಸೀಳಿ ದಬ್ಬೆ ಮಾಡಿಕೊಳ್ಳಿ, ಹೊಸ ಗಳ ನೆಡಿ. ಹೀರೆ, ಹಾಗಲ ತೆಗೆದ ಮಡಿಗೆ ಮುಂದಿನ ಸಲ ಅಲಸಂದೆ ಅಥವಾ ಅವರೆ ಹಾಕಿ.