ಸ್ವೀಡನ್ನಿನಲ್ಲಿ ಸಂಶೋಧನೆ: ಅನುಮತಿ ಮೊದಲು, ಧ್ವನಿಮುದ್ರಣ ಆಮೇಲೆ

ಸ್ವೀಡನ್ನಿಗೆ ಪಿಎಚ್‌.ಡಿ.ಗೋ ಪೋಸ್ಟ್‌ಡಾಕ್‌ಗೋ ಬರುವ ಕನ್ನಡಿಗರಿಗೆ ಇಲ್ಲಿನ ಚಳಿ, ಬಾಡಿಗೆ ಮನೆಯ ಪರದಾಟ, ಪರ್ಶೂನ್‌ನುಮ್ಮೆರ್ ಎಂಬ ಗುರುತಿನ ಸಂಖ್ಯೆಗಾಗಿ ಕಾಯುವ ವಾರಗಳು ಇವುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅವನ್ನೆಲ್ಲ ಬಿಟ್ಟು, ಸಾಹಿತ್ಯ, ಜಾನಪದ, ಸಮಾಜಶಾಸ್ತ್ರಗಳಿಂದ ಬಂದವರೂ ವೈದ್ಯಕೀಯದಿಂದ ಬಂದವರೂ ಒಂದೇ ಜಾಗದಲ್ಲಿ ಎಡವುವುದನ್ನು ಮತ್ತೆ ಮತ್ತೆ ಕಂಡು ಇದನ್ನು ಬರೆಯುತ್ತಿದ್ದೇನೆ. ಆ ಜಾಗ ಸಂಶೋಧನಾ ನೀತಿ ಪರಿಶೀಲನೆಯದು, ಅಂದರೆ ಎಥಿಕ್ಸ್ ರಿವ್ಯೂ: ಜನರ ಸೂಕ್ಷ್ಮ ಮಾಹಿತಿ ಬಳಸುವ ಸಂಶೋಧನೆಗೆ ಮೊದಲೇ ಪಡೆಯಬೇಕಾದ ಅನುಮತಿ. ನಮ್ಮಲ್ಲಿ ಎಥಿಕ್ಸ್ ಕಮಿಟಿ ಎಂದರೆ ಮೆಡಿಕಲ್ ಕಾಲೇಜಿನ ವಿಚಾರ ಎಂಬ ಭಾವನೆ ಈಗಲೂ ಗಟ್ಟಿಯಾಗಿದೆ. ಕನ್ನಡ ವಿಭಾಗದ ಸಂಶೋಧನಾರ್ಥಿಯೊಬ್ಬರು ಗ್ರಾಮದೇವತೆಯ ಜಾತ್ರೆಗೆ ಹೋಗಿ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳಲು ಯಾವ ಸಮಿತಿಯ ಮುಂದೆಯೂ ನಿಂತದ್ದನ್ನು ನಾನು ನೋಡಿಲ್ಲ. ಆ ಭಾವನೆಯನ್ನು ವಿಮಾನ ಹತ್ತುವ ಮೊದಲೇ ಬಿಟ್ಟು ಬರಬೇಕು.

2004ರ ಜನವರಿಯಿಂದ ಜಾರಿಯಲ್ಲಿರುವ ನೀತಿ ಪರಿಶೀಲನಾ ಕಾಯ್ದೆಗೆ ನೀವು ಯಾವ ವಿಭಾಗದವರು ಎಂಬುದು ಮುಖ್ಯವಲ್ಲ, ಎಂಥ ಮಾಹಿತಿಯನ್ನು ಮುಟ್ಟುತ್ತೀರಿ ಎಂಬುದಷ್ಟೇ ಮುಖ್ಯ. ಜೀವಂತ ವ್ಯಕ್ತಿಯೊಬ್ಬರ ಆರೋಗ್ಯ, ಧಾರ್ಮಿಕ ನಂಬಿಕೆ, ಜನಾಂಗೀಯ ಮೂಲ, ರಾಜಕೀಯ ಅಭಿಪ್ರಾಯ, ಕಾರ್ಮಿಕ ಸಂಘದ ಸದಸ್ಯತ್ವ, ಲೈಂಗಿಕ ಜೀವನ ಇವುಗಳಲ್ಲಿ ಯಾವುದೊಂದು ನಿಮ್ಮ ಟಿಪ್ಪಣಿಯಲ್ಲಿ ಬಂದರೂ, ಅವರ ಮೇಲಿನ ಅಪರಾಧ ಪ್ರಕರಣಗಳ ವಿವರ ಬಂದರೂ, ಮುಂಚಿತವಾಗಿ ಅನುಮತಿ ಪಡೆಯಲೇಬೇಕು. ಸಂದರ್ಶನ ಕೊಟ್ಟವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ ಎಂಬುದು ಸಾಲದು; 2008ರ ತಿದ್ದುಪಡಿಯಾದ ಮೇಲೆ, ಒಪ್ಪಿಗೆ ಇದ್ದರೂ ಇಂಥ ಸೂಕ್ಷ್ಮ ಮಾಹಿತಿಗೆ ಪರಿಶೀಲನೆ ತಪ್ಪುವುದಿಲ್ಲ. ಜಾತಿ ಎಂಬ ಮಾತು ಆ ಪಟ್ಟಿಯಲ್ಲಿ ಇಲ್ಲವಲ್ಲ ಎಂದು ವಾದಿಸುವವರನ್ನು ಕಂಡಿದ್ದೇನೆ. ಆದರೆ ಜಾತಿಯನ್ನು ಕೇಳಿ ಧರ್ಮವನ್ನೂ ಮೂಲವನ್ನೂ ತಿಳಿಯದೆ ಇರುವುದು ಹೇಗೆ? ವಕ್ತೃವಿನ ಹೆಸರು, ಊರು, ವಯಸ್ಸು, ಜಾತಿ, ಕಸುಬು ಎಂದು ನಮ್ಮ ಜಾನಪದ ಕ್ಷೇತ್ರಕಾರ್ಯದಲ್ಲಿ ಮೊದಲ ಪುಟದಲ್ಲೇ ಬರೆದುಕೊಳ್ಳುವ ವಿವರಗಳು ಇಲ್ಲಿ ನೇರವಾಗಿ ಕಾಯ್ದೆಯ ವ್ಯಾಪ್ತಿಗೆ ಬೀಳುತ್ತವೆ.

ನಮ್ಮವರು ನಂಬಲು ಒಪ್ಪದ ಅಂಶವೊಂದಿದೆ. ನಮ್ಮ ಕಚೇರಿಗಳಲ್ಲಿ ಘಟನೋತ್ತರ ಅನುಮೋದನೆ ಎಂಬ ದೊಡ್ಡ ಆಸರೆ ಇದೆ. ಕೆಲಸ ಮುಗಿದ ಮೇಲೆ ಕಡತ ಮಂಡಿಸಿ, ಸಭೆಯಲ್ಲಿ ಒಪ್ಪಿಗೆ ಪಡೆದರೆ ಎಲ್ಲವೂ ಸರಿಹೋಗುತ್ತದೆ. ಸ್ವೀಡನ್ನಿನ ಈ ವ್ಯವಸ್ಥೆಯಲ್ಲಿ ಅದು ಇಲ್ಲವೇ ಇಲ್ಲ. ಆಗಿಹೋದ ಸಂಶೋಧನೆಗೆ ಹಿಂದಿನ ದಿನಾಂಕದಿಂದ ಯಾರೂ ಅನುಮತಿ ಕೊಡುವುದಿಲ್ಲ, ಕೊಡಲು ಕಾನೂನಿನಲ್ಲಿ ಅವಕಾಶವೂ ಇಲ್ಲ. 2020ರಿಂದ ಶಿಕ್ಷೆಯೂ ಬಿಗಿಯಾಗಿದ್ದು, ಉದ್ದೇಶಪೂರ್ವಕವಾಗಿ ಅನುಮತಿಯಿಲ್ಲದೆ ಸಂಶೋಧನೆ ಮಾಡಿದರೆ ದಂಡ ಅಥವಾ ಎರಡು ವರ್ಷಗಳವರೆಗೆ ಸೆರೆವಾಸ, ತೀವ್ರ ನಿರ್ಲಕ್ಷ್ಯದಿಂದ ಮಾಡಿದರೂ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಗಾಬರಿಪಡಿಸಲು ಇದನ್ನು ಹೇಳುತ್ತಿಲ್ಲ. ಹೊಸ ಸಂಶೋಧನಾರ್ಥಿಗೆ ಜೈಲಿಗಿಂತ ಮೊದಲು ಎದುರಾಗುವುದು ಪತ್ರಿಕೆಯ ಸಂಪಾದಕರ ಒಂದು ಸಾಲಿನ ಪ್ರಶ್ನೆ: ಅನುಮತಿಯ ಕ್ರಮಸಂಖ್ಯೆ ಯಾವುದು?

ಧಾರವಾಡದ ಕಡೆಯಿಂದ ಬಂದ ಒಬ್ಬ ಹುಡುಗಿ ಇಲ್ಲಿಯೇ ಸ್ನಾತಕೋತ್ತರ ಪದವಿ ಮಾಡುತ್ತ, ವಲಸೆ ಬಂದ ಕುಟುಂಬಗಳ ಮನೆಪೂಜೆ, ವ್ರತಗಳ ಬಗ್ಗೆ ಸಂದರ್ಶನ ನಡೆಸಿದ್ದಳು. ಸ್ನಾತಕ ಮತ್ತು ಸ್ನಾತಕೋತ್ತರ ವ್ಯಾಸಂಗದ ಚೌಕಟ್ಟಿನೊಳಗೇ ನಡೆಯುವ ಕೆಲಸವನ್ನು ಕಾಯ್ದೆ ಸಂಶೋಧನೆ ಎಂದು ಪರಿಗಣಿಸುವುದಿಲ್ಲವಾದ್ದರಿಂದ ಅವಳು ಅನುಮತಿ ಪಡೆಯಬೇಕಾಗಿರಲಿಲ್ಲ, ಪಡೆಯಲೂ ಇಲ್ಲ. ತಪ್ಪು ಅಲ್ಲಿ ಆಗಿರಲಿಲ್ಲ. ಆಮೇಲೆ ಪಿಎಚ್‌.ಡಿ.ಗೆ ಸೇರಿದಾಗ ಅದೇ ಸಂದರ್ಶನಗಳನ್ನು ಮೊದಲ ಅಧ್ಯಾಯಕ್ಕೆ ಬಳಸಿ, ಲೇಖನವಾಗಿ ಕಳುಹಿಸಿದಳು. ಆ ಕ್ಷಣದಿಂದ ಅದು ಸಂಶೋಧನೆಯಾಯಿತು. ಲೇಖನ ಹಿಂದಕ್ಕೆ ಬಂತು, ಅಧ್ಯಾಯವನ್ನು ಕೈಬಿಡಬೇಕಾಯಿತು, ಹೊಸದಾಗಿ ಅರ್ಜಿ ಹಾಕಿ ಹೊಸ ಕುಟುಂಬಗಳನ್ನು ಹುಡುಕುವಷ್ಟರಲ್ಲಿ ನಾಲ್ಕು ವರ್ಷಗಳ ಸಂಬಳದ ಅವಧಿಯಲ್ಲಿ ಹತ್ತಿರಹತ್ತಿರ ಒಂದು ವರ್ಷ ಸವೆದಿತ್ತು. ಅವಳ ಮಾರ್ಗದರ್ಶಕರಿಗೆ ಇದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು, ಅವಳು ಮೊದಲೇ ಅನುಮತಿ ಪಡೆದಿರುತ್ತಾಳೆ ಎಂದು ಅವರು ಭಾವಿಸಿದ್ದರು, ಬೇಕಿದ್ದರೆ ಅವರೇ ಹೇಳುತ್ತಾರೆ ಎಂದು ಇವಳು ಭಾವಿಸಿದ್ದಳು. ಗೈಡ್ ಹೇಳದ್ದನ್ನು ತಾನಾಗಿ ಕೇಳಬಾರದು ಎಂಬ ನಮ್ಮ ಸಂಕೋಚ ಇಲ್ಲಿ ದುಬಾರಿಯಾಗುತ್ತದೆ.

ವೈದ್ಯಕೀಯದವರು ಬೀಳುವ ಹೊಂಡ ಸ್ವಲ್ಪ ಬೇರೆ. ಅನುಮತಿ ಬೇಕೆಂಬುದು ಅವರಿಗೆ ಗೊತ್ತಿರುತ್ತದೆ, ಆದರೆ ತಾವು ಸೇರಿದ ಯೋಜನೆಗೆ ಅನುಮತಿ ಇದೆ ಎಂದ ಮಾತ್ರಕ್ಕೆ ತಮ್ಮ ಪ್ರಶ್ನೆಗೂ ಇದೆ ಎಂದು ತಿಳಿಯುತ್ತಾರೆ. ಮಧುಮೇಹದ ರೋಗಿಗಳ ಮೂತ್ರಪಿಂಡದ ಸ್ಥಿತಿಯನ್ನು ನೋಡಲು ಸಿಕ್ಕ ಅನುಮತಿಯಲ್ಲಿ ಅದೇ ರೋಗಿಗಳ ಖಿನ್ನತೆಯನ್ನು ಅಳೆಯಲು ಬರುವುದಿಲ್ಲ. ಇನ್ನೊಂದು ಆಸ್ಪತ್ರೆಯನ್ನು ಸೇರಿಸಿಕೊಳ್ಳಬೇಕಾದರೂ ಬದಲಾವಣೆಯ ಅರ್ಜಿ ಹಾಕಬೇಕು. ಹುಬ್ಬಳ್ಳಿ ಕಡೆಯ ವೈದ್ಯರೊಬ್ಬರು ಹಳೆಯ ಕೇಸ್ ಶೀಟುಗಳನ್ನಷ್ಟೇ ಓದುತ್ತೇನೆ, ಯಾರನ್ನೂ ಮುಟ್ಟುವುದಿಲ್ಲ ಎಂಬ ಧೈರ್ಯದಲ್ಲಿ ತಿಂಗಳುಗಟ್ಟಲೆ ಪಟ್ಟಿ ಮಾಡಿದ್ದನ್ನು ಕೊನೆಗೆ ಅಳಿಸಿಹಾಕಬೇಕಾಯಿತು. ಇನ್ನೊಂದು ತೊಡಕೆಂದರೆ, ಇಲ್ಲಿ ವಿಶ್ವವಿದ್ಯಾಲಯ ಸಾಮಾನ್ಯವಾಗಿ ಸರ್ಕಾರದ್ದು, ಅದರ ಪಕ್ಕದಲ್ಲೇ ಇರುವ ಆಸ್ಪತ್ರೆ ರೆಗ್ಯೂನ್ ಎಂಬ ಪ್ರಾದೇಶಿಕ ಆಡಳಿತದ್ದು. ಒಂದೇ ಕಾರಿಡಾರಿನಲ್ಲಿ ನಡೆದಾಡಿದರೂ ಕಾನೂನಿನ ಕಣ್ಣಿಗೆ ಅವು ಎರಡು ಸಂಸ್ಥೆಗಳು. ಇಬ್ಬರೂ ಸಂಶೋಧನೆಯ ಹೊಣೆ ಹೊತ್ತಿದ್ದರೆ ಇಬ್ಬರ ಹೆಸರೂ ಅರ್ಜಿಯಲ್ಲಿರಬೇಕು, ದಾಖಲೆಗಳನ್ನು ಕೊಡಲು ಆಸ್ಪತ್ರೆಯ ಪ್ರತ್ಯೇಕ ಒಪ್ಪಿಗೆಯೂ ಬೇಕು.

ಕ್ಷೇತ್ರಕಾರ್ಯವನ್ನು ಕರ್ನಾಟಕದಲ್ಲಿ ಮಾಡುತ್ತೇನೆ, ಸ್ವೀಡನ್ನಿನ ಕಾಯ್ದೆಗೂ ಮಂಡ್ಯಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯೂ ಬರುತ್ತದೆ. ಕಾಯ್ದೆ ಅನ್ವಯವಾಗುವುದು ಸ್ವೀಡನ್ನಿನಲ್ಲಿ ನಡೆಯುವ ಸಂಶೋಧನೆಗೆ ಮಾತ್ರ, ನಿಜ. ಆದರೆ ಮಂಡ್ಯದಲ್ಲಿ ಧ್ವನಿಮುದ್ರಿಸಿದ ಸಂದರ್ಶನವನ್ನು ಸ್ವೀಡನ್ನಿನ ಉಪ್ಸಾಲಾ ನಗರದ ಸರ್ವರಿನಲ್ಲಿಟ್ಟು, ಅಲ್ಲಿ ಕುಳಿತು ಬರಹಕ್ಕಿಳಿಸಿ ವಿಶ್ಲೇಷಿಸಿದರೆ ಆ ಭಾಗ ಇಲ್ಲಿ ನಡೆದಂತೆಯೇ. ಆರೋಗ್ಯದ ಯೋಜನೆಯಾದರೆ ಭಾರತದ ಕಡೆಯ ಬಾಗಿಲುಗಳೂ ಇವೆ: ಅಲ್ಲಿನ ಸಂಸ್ಥೆಯ ಎಥಿಕ್ಸ್ ಕಮಿಟಿ, ವಿದೇಶಿ ಸಹಯೋಗ ಇದ್ದರೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿ. ರಕ್ತದ ಮಾದರಿಯನ್ನು ಪೆಟ್ಟಿಗೆಯಲ್ಲಿಟ್ಟು ತಂದುಬಿಡಬಹುದು ಎಂದು ಯಾರಾದರೂ ಹೇಳಿದರೆ ಅವರ ಮಾತನ್ನು ನಂಬಬೇಡಿ.

ಅರ್ಜಿಗಳನ್ನು 2019ರ ಜನವರಿಯಿಂದ ಉಪ್ಸಾಲಾದಲ್ಲಿ ಕೇಂದ್ರ ಕಚೇರಿ ಇರುವ ಎತಿಕ್‌ಪ್ರೋವ್ನಿಂಗ್ಸ್‌ಮಿಂಡಿಗ್‌ಹೇತೆನ್ ಎಂಬ ರಾಷ್ಟ್ರೀಯ ಪ್ರಾಧಿಕಾರ ನೋಡುತ್ತದೆ. ಅರ್ಜಿ ಸ್ವೀಡಿಷ್ ಭಾಷೆಯಲ್ಲಿರಬೇಕು, ಶುಲ್ಕವಿದೆ, ತೀರ್ಮಾನಕ್ಕೆ 60 ದಿನಗಳ ಗಡುವಿದೆ. ಆ 60 ದಿನಗಳು ಶುರುವಾಗುವುದು ಅರ್ಜಿ ಪೂರ್ಣವಾಗಿದೆ ಎಂದು ಒಪ್ಪಿಕೊಂಡ ಮೇಲೆ. ಒಂದು ಲಗತ್ತು ಕಡಿಮೆಯಿದ್ದರೆ ಎಣಿಕೆ ಆರಂಭವೇ ಆಗುವುದಿಲ್ಲ. ಜುಲೈ ತಿಂಗಳಲ್ಲಿ ದೇಶವೇ ರಜೆಯ ಮೇಲಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸ್ವೀಡಿಷ್ ಬಲ್ಲ ಸಹೋದ್ಯೋಗಿಯೊಬ್ಬರನ್ನು ಕರಡು ತಿದ್ದಲು ಸೇರಿದ ಮೊದಲ ತಿಂಗಳಲ್ಲೇ ಕೇಳಿಕೊಳ್ಳಿ. ಪ್ರತಿ ವರ್ಷ ಪರಿಷ್ಕರಿಸಬೇಕಾದ ನಿಮ್ಮ ವೈಯಕ್ತಿಕ ವ್ಯಾಸಂಗ ಯೋಜನೆಯಲ್ಲಿ ಅರ್ಜಿಯ ದಿನಾಂಕವನ್ನು ಬರೆಸಿ, ಇಬ್ಬರು ಮಾರ್ಗದರ್ಶಕರ ಮುಂದೆಯೂ ಓದಿ ಹೇಳಿ. ನಿಮ್ಮ ಕೆಲಸ ಕಾಯ್ದೆಯ ಹೊರಗಿದೆ ಎಂದು ಪ್ರಾಧಿಕಾರವೇ ತೀರ್ಮಾನಿಸಿದರೂ ಅರ್ಜಿ ವ್ಯರ್ಥವಲ್ಲ. ಸಲಹಾತ್ಮಕ ಅಭಿಪ್ರಾಯವೊಂದನ್ನು ಕೇಳಬಹುದು, ವಿದೇಶಿ ಪತ್ರಿಕೆಗಳು ಆ ಪತ್ರವನ್ನು ಒಪ್ಪುವುದುಂಟು.

ಈ ವ್ಯವಸ್ಥೆ ಒಳ್ಳೆಯದೇ? ವೈದ್ಯಕೀಯಕ್ಕೆ ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಕ ಪಾವೊಲೊ ಮಕ್ಕಿಯರೀನಿ ಇಂಥ ಅನುಮತಿಯಿಲ್ಲದೆ ಕೃತಕ ಶ್ವಾಸನಾಳಗಳನ್ನು ರೋಗಿಗಳಿಗೆ ಅಳವಡಿಸಿದ ಪ್ರಕರಣ ಈ ದೇಶವನ್ನು ಎಷ್ಟು ಅಲುಗಾಡಿಸಿತು ಎಂಬುದನ್ನು ಇಲ್ಲಿನವರ ಮಾತಿನಲ್ಲೇ ಕೇಳಬೇಕು. ಸಂಶೋಧನಾ ವಂಚನೆಯನ್ನು ವಿಚಾರಿಸಲು ಪ್ರತ್ಯೇಕ ರಾಷ್ಟ್ರೀಯ ಮಂಡಳಿ 2020ರಲ್ಲಿ ಕೆಲಸ ಆರಂಭಿಸುವುದರ ಹಿಂದೆ ಆ ಕಹಿಯೂ ಇತ್ತು. ಮಾನವಿಕ ವಿಭಾಗಗಳಿಗೆ ಮಾತ್ರ ಇದು ಬೇರೆಯವರ ಅಳತೆಗೆ ಹೊಲಿದ ಅಂಗಿ. ಇಲ್ಲಿನ ಮಾನವಿಕ, ಸಮಾಜವಿಜ್ಞಾನಗಳ ವಿದ್ವಾಂಸರೇ ಹಾಗೆಂದು ದೂರುತ್ತಾರೆ. ಹಾಡಿದವರ ಹೆಸರನ್ನು ಅಚ್ಚು ಹಾಕಿ ಗೌರವಿಸುವ ನಮ್ಮ ಜಾನಪದ ಸಂಗ್ರಹಗಳ ರೂಢಿ, ಎಲ್ಲರನ್ನೂ ಸಂಕೇತ ಸಂಖ್ಯೆಯಾಗಿಸುವ ಇಲ್ಲಿನ ರೂಢಿಗಿಂತ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಹೆಸರು ಹಾಕುವುದನ್ನು ಕಾಯ್ದೆ ನಿಷೇಧಿಸಿಲ್ಲ. ಯಾಕೆ ಹಾಕುತ್ತೀರಿ, ಅವರ ಒಪ್ಪಿಗೆ ಹೇಗೆ ಪಡೆಯುತ್ತೀರಿ ಎಂದು ಅರ್ಜಿಯಲ್ಲಿ ವಿವರಿಸಿದರೆ ದಾರಿಯಿದೆ. ಹೆಚ್ಚಿನವರು ಆ ಶ್ರಮ ಪಡುವುದಿಲ್ಲ, ಅಷ್ಟೆ.

ಸತ್ತವರ ವಿಷಯ ಸುಲಭ. 1686ರ ಚರ್ಚ್ ಕಾನೂನಿನ ನಂತರ ಪಾದ್ರಿಗಳು ಮನೆಮನೆಗೆ ಹೋಗಿ ಬರೆದಿಟ್ಟ ಪಟ್ಟಿಗಳು, 1749ರಿಂದ ಆರಂಭವಾದ ಜನಸಂಖ್ಯಾ ಕೋಷ್ಟಕಗಳು ಇತಿಹಾಸಕಾರರಿಗೂ ಸೋಂಕುಶಾಸ್ತ್ರಜ್ಞರಿಗೂ ಸಮಾನ ಆಸ್ತಿ. ಆದರೆ ಆಸ್ಪತ್ರೆಯ ಹಳೆಯ ದಾಖಲೆಗಳಿಗೆ 70 ವರ್ಷಗಳವರೆಗೆ ಗೋಪ್ಯತೆ ಇರಬಹುದಾದ್ದರಿಂದ, ವೈದ್ಯಕೀಯ ಇತಿಹಾಸ ಬರೆಯುವವರು ಕಾಲಾವಧಿಯನ್ನು ಆರಿಸುವಾಗಲೇ ಈ ಲೆಕ್ಕ ಹಾಕಬೇಕು. ಜೀವಂತ ಜನರ ರಾಷ್ಟ್ರೀಯ ದಾಖಲೆಗಳು, ಅಂದರೆ 1958ರಿಂದಿರುವ ಕ್ಯಾನ್ಸರ್ ನೋಂದಣಿ, 1973ರಿಂದಿರುವ ಜನನ ನೋಂದಣಿ ಮುಂತಾದವು ಸಂಶೋಧಕರಿಗೆ ಸಿಗುತ್ತವೆ. ಅನುಮತಿಯ ನಂತರವೂ ಅವು ಕೈಗೆ ಬರಲು ತಿಂಗಳುಗಳು ಹಿಡಿಯುತ್ತವೆ.

ಹಣದ ವಿಷಯದಲ್ಲಿ ಒಂದೇ ಎಚ್ಚರಿಕೆ. ಇಲ್ಲಿ ಪಿಎಚ್‌.ಡಿ. ಸಾಮಾನ್ಯವಾಗಿ ನೌಕರಿ, ಶುಲ್ಕವಿಲ್ಲ, ತಿಂಗಳ ಸಂಬಳ 30 ಸಾವಿರ ಕ್ರೋನಾ ದಾಟಿದೆ, ತೆರಿಗೆ ಕಟ್ಟುತ್ತೀರಿ. ವೈದ್ಯಕೀಯ ಪ್ರಯೋಗಾಲಯಗಳಲ್ಲಿ ಪೋಸ್ಟ್‌ಡಾಕ್‌ಗೆ ಬರುವವರಿಗೆ ಮಾತ್ರ ಕೆಲವೊಮ್ಮೆ ಸಂಬಳದ ಬದಲು ತೆರಿಗೆಯಿಲ್ಲದ ಶಿಷ್ಯವೇತನ ಕೊಡುತ್ತಾರೆ. ಕೈಗೆ ಬರುವ ಮೊತ್ತ ಹೆಚ್ಚು ಕಂಡು ಹಿಗ್ಗುವ ಮೊದಲು, ಅದು ದುಡಿಮೆಯ ಸಂಬಳವೆಂದು ಗಣನೆಗೆ ಬಾರದು ಎಂಬುದನ್ನು ತಿಳಿಯಿರಿ. ಅದರ ಮೇಲೆ ಪಿಂಚಣಿ ಬೆಳೆಯುವುದಿಲ್ಲ, ಕಾಯಿಲೆಬಿದ್ದರೆ ಸಂಬಳಾಧಾರಿತ ಭತ್ಯೆ ಇಲ್ಲ. ಮಗು ಹುಟ್ಟಿದರೆ ತಂದೆತಾಯಿಗೆ ಸಿಗುವ 480 ದಿನಗಳ ಭತ್ಯೆಯಲ್ಲಿ 390 ದಿನಗಳಿಗೆ ಸಂಬಳದವರಿಗೆ ಗಳಿಕೆಯ ಮುಕ್ಕಾಲು ಪಾಲಿನಷ್ಟು ಬಂದರೆ, ಶಿಷ್ಯವೇತನವೊಂದನ್ನೇ ನೆಚ್ಚಿಕೊಂಡವರಿಗೆ ದಿನಕ್ಕೆ 250 ಕ್ರೋನಾದ ಮೂಲದರವೇ ಗತಿ. ಆಹ್ವಾನ ಪತ್ರದಲ್ಲಿ ನೌಕರಿ ಎಂದಿದೆಯೇ ಶಿಷ್ಯವೇತನ ಎಂದಿದೆಯೇ ಎಂದು ಸಹಿ ಹಾಕುವ ಮೊದಲು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಮಹಾಪ್ರಬಂಧದ ವಿಷಯದಲ್ಲಿ ಇಲ್ಲಿನ ಪದ್ಧತಿ ನಮ್ಮದಕ್ಕಿಂತ ಖಂಡಿತ ಮೇಲು. ವೈದ್ಯಕೀಯದವರು ಸಾಮಾನ್ಯವಾಗಿ ಮೂರು-ನಾಲ್ಕು ಲೇಖನಗಳನ್ನು ಕಪ್ಪಾ ಎಂಬ ಒಟ್ಟು ವಿವೇಚನೆಯೊಂದಿಗೆ ಪೋಣಿಸುತ್ತಾರೆ, ಮಾನವಿಕದವರು ಹೆಚ್ಚಾಗಿ ಒಂದೇ ಗ್ರಂಥ ಬರೆಯುತ್ತಾರೆ. ಎರಡನ್ನೂ ಅಚ್ಚು ಮಾಡಿಸಿ, ಮೂರು ವಾರ ಮೊದಲೇ ಸಾರ್ವಜನಿಕರ ಮುಂದಿಟ್ಟು, ನಿಗದಿಯಾದ ದಿನ ತೆರೆದ ಸಭಾಂಗಣದಲ್ಲಿ ಹೊರಗಿನ ವಿದ್ವಾಂಸರೊಬ್ಬರ ಪ್ರಶ್ನೆಗಳಿಗೆ ಉತ್ತರಿಸಬೇಕು. ಮೂವರ ಅಥವಾ ಐವರ ಸಮಿತಿ ಅಂದೇ ತೀರ್ಪು ಹೇಳುತ್ತದೆ. ಪರೀಕ್ಷಕರ ವರದಿ ಬರಲಿಲ್ಲವೆಂದು ತಿಂಗಳಾನುಗಟ್ಟಲೆ ವಿಶ್ವವಿದ್ಯಾಲಯದ ಶಾಖೆಗೆ ಅಲೆಯುವ ನಮ್ಮ ಪಾಡು ಇಲ್ಲಿಲ್ಲ. ಆದರೆ ಆ ದಿನ ಅನುತ್ತೀರ್ಣರಾಗುವವರು ಅಪರೂಪವಾದ್ದರಿಂದ ನಿಜವಾದ ಪರೀಕ್ಷೆ ಅದಕ್ಕೂ ಮೊದಲೇ, ಮಾನವಿಕದವರಿಗೆ ಅಂತಿಮ ಸೆಮಿನಾರಿನಲ್ಲಿ, ನಡೆದುಹೋಗಿರುತ್ತದೆ. ಅಲ್ಲಿ ಕಟುವಾದ ಮಾತು ಬಂದರೆ ಮನಸ್ಸು ಮುರಿದುಕೊಳ್ಳದೆ ಬರೆದುಕೊಳ್ಳಿ. ಪೂರ್ತಿ ಕರಡನ್ನು ಓದಿಕೊಂಡು ಬಂದು ಅಷ್ಟು ಬಿಚ್ಚಿ ಹೇಳುವವರು ಆಮೇಲೆ ಸಿಗುವುದು ಕಷ್ಟ. ನೀತಿ ಪರಿಶೀಲನೆಯ ಕ್ರಮಸಂಖ್ಯೆಯನ್ನು ಆ ಸೆಮಿನಾರಿನ ಕರಡಿನಲ್ಲೇ ಮೊದಲ ಅಧ್ಯಾಯದ ವಿಧಾನದ ಭಾಗದಲ್ಲಿ ಬರೆದಿರಬೇಕು, ಏಕೆಂದರೆ ಅದನ್ನು ಹುಡುಕಿ ನೋಡುವವರು ಒಬ್ಬರಾದರೂ ಅಲ್ಲಿ ಕುಳಿತಿರುತ್ತಾರೆ.