ಕಾರ್ನ್ಡ್ ಬೀಫ್ ಇಲ್ಲದ ರೂಬನ್: ಸ್ಲೋ ಕುಕ್ಕರ್‌ನಲ್ಲಿ ಸಾಸೇಜ್ ಸ್ಯಾಂಡ್‌ವಿಚ್

ರೂಬನ್ ಸ್ಯಾಂಡ್‌ವಿಚ್‌ಗೆ ಬೇಕಾಗುವುದು ಐದೇ ಸಾಮಾನು. ರೈ ಧಾನ್ಯದ ಬ್ರೆಡ್, ಕಾರ್ನ್ಡ್ ಬೀಫ್ (ಉಪ್ಪುನೀರಿನಲ್ಲಿ ನೆನೆಸಿ ಬೇಯಿಸಿದ ದನದ ಮಾಂಸ), ಸಾವರ್‌ಕ್ರೌಟ್ (ಹುಳಿ ಬರಿಸಿದ ಎಲೆಕೋಸು), ಸ್ವಿಸ್ ಚೀಸ್, ರಷ್ಯನ್ ಡ್ರೆಸ್ಸಿಂಗ್ (ಮೇಯನೀಸ್, ಕೆಚಪ್ ಬೆರೆಸಿದ ಸಾಸ್). ಅಮೆರಿಕದ ಡೆಲಿಗಳ, ಅಂದರೆ ಮಾಂಸ, ಸ್ಯಾಂಡ್‌ವಿಚ್ ಮಾರುವ ಅಂಗಡಿಗಳ, ಮೆನುವಿನಲ್ಲಿ ಇದಕ್ಕೆ ಖಾಯಂ ಜಾಗ. ಉಪ್ಪು, ಹುಳಿ, ಕೊಬ್ಬು, ಚೂರು ಸಿಹಿ, ಮೂಗಿಗೆ ಏರುವ ಖಾರ, ಎಲ್ಲ ಒಂದೇ ತುತ್ತಿನಲ್ಲಿ ಸಿಗುತ್ತೆ. ಮನೆಯಲ್ಲಿ ಮಾಡಲು ಹೋದರೆ ತೊಡಕು ಇರುವುದು ಒಂದೇ ಕಡೆ, ಕಾರ್ನ್ಡ್ ಬೀಫ್‌ನಲ್ಲಿ. ಬ್ರಿಸ್ಕೆಟ್ (ದನದ ಎದೆಯ ಮಾಂಸ) ತುಂಡನ್ನು ಮಸಾಲೆ ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆಸಬೇಕು, ಆಮೇಲೆ ಗಂಟೆಗಟ್ಟಲೆ ಬೇಯಿಸಬೇಕು. ಅಷ್ಟು ತಾಳ್ಮೆ ನನಗಿಲ್ಲ. ಅದರ ಜಾಗದಲ್ಲಿ ನಾನು ಸಾಸೇಜ್ ಹಾಕುತ್ತೇನೆ. ಉಪ್ಪು, ಮಸಾಲೆ, ಕೊಬ್ಬು ಮೂರೂ ಅದರೊಳಗೇ ಇರುತ್ತೆ. ಸ್ಲೋ ಕುಕ್ಕರ್‌ಗೆ, ಅಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಗೆ, ಹಾಕಿಟ್ಟು ಬೇರೆ ಕೆಲಸ ನೋಡಿಕೊಳ್ಳಬಹುದು.

ಆದರೆ ಸ್ಲೋ ಕುಕ್ಕರ್‌ಗೂ ಸ್ಯಾಂಡ್‌ವಿಚ್‌ಗೂ ಎಣ್ಣೆ ಸೀಗೇಕಾಯಿ. ಮುಚ್ಚಳ ಮುಚ್ಚಿದ ಕುಕ್ಕರ್‌ನಿಂದ ಹಬೆ ಹೊರಗೆ ಹೋಗುವುದಿಲ್ಲ. ಮಾಂಸ, ಈರುಳ್ಳಿ, ಕೋಸು ಬಿಟ್ಟ ನೀರೆಲ್ಲ ಅಲ್ಲೇ ನಿಲ್ಲುತ್ತೆ. ಸ್ಯಾಂಡ್‌ವಿಚ್‌ಗೋ ನೀರು ಕಂಡರಾಗದು. ಈ ಅಡುಗೆಯಲ್ಲಿ ನಾನು ಮಾಡುವುದೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಆ ನೀರನ್ನು ನಿಭಾಯಿಸುವ ಕೆಲಸವೇ. ರುಚಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಸಾಮಾನುಗಳೇ ಅದನ್ನು ನೋಡಿಕೊಳ್ಳುತ್ತವೆ.

ಮೊದಲು ಸಾಸೇಜ್ ಆರಿಸುವ ವಿಷಯ. ಸುಲಭಕ್ಕೆ ಸಿಗುವುದು ಬ್ರಾಟ್‌ವರ್ಸ್ಟ್. ಹೆಚ್ಚಾಗಿ ಹಂದಿಮಾಂಸದ್ದು, ಕೆಲವದರಲ್ಲಿ ಕರುವಿನ ಮಾಂಸವೂ ಇರುತ್ತೆ. ಜಾಯಿಕಾಯಿಯ ಸಣ್ಣ ಘಮ ಇರುವ ಮೆದು ರುಚಿ. ಡೆಲಿಯ ರುಚಿಗೆ ಹತ್ತಿರ ಬರಬೇಕು ಅಂದರೆ ಪೂರ್ತಿ ಬೀಫ್‌ನ ನಾಕ್‌ವರ್ಸ್ಟ್ ಒಳ್ಳೆಯದು. ಗಿಡ್ಡ, ದಪ್ಪ, ಬೆಳ್ಳುಳ್ಳಿ ಜೋರು. ಕೋಳಿ ಸಾಸೇಜ್‌ನಲ್ಲೂ ಮಾಡಿದ್ದೇನೆ, ಪರವಾಗಿಲ್ಲ. ಕೊಬ್ಬು ಕಡಿಮೆ ಇರುವುದರಿಂದ ಅದು ಬೇಗ ಒಣಗುತ್ತೆ, ಹೊತ್ತು ಕಡಿಮೆ ಮಾಡಬೇಕು ಅಷ್ಟೆ. ಪ್ಯಾಕೆಟ್ ಮೇಲೆ ಹಸಿಯದೋ ಮೊದಲೇ ಬೇಯಿಸಿದ್ದೋ ಅಂತ ಓದಿಕೊಳ್ಳಿ. ಎರಡಕ್ಕೂ ಹಿಡಿಯುವ ಸಮಯ ಬೇರೆ.

ಹಂದಿಮಾಂಸದ ಸಾಸೇಜ್ ಹಾಕಿದರೆ ಅದು ಡೆಲಿ ತಿಂಡಿ ಹೇಗಾಗುತ್ತೆ ಅಂತ ಯಾರಾದರೂ ಕೇಳಬಹುದು. ಕೇಳುವಂಥದ್ದೇ. ಅಮೆರಿಕದ ಡೆಲಿ ಬೆಳೆದದ್ದು ಯಹೂದಿ ವಲಸಿಗರ ಕೈಯಲ್ಲಿ, ಅವರ ಧರ್ಮದಲ್ಲಿ ಹಂದಿಮಾಂಸ ನಿಷಿದ್ಧ. ಆದರೆ ಮಾಂಸವನ್ನೂ ಹಾಲಿನ ಪದಾರ್ಥವನ್ನೂ ಒಟ್ಟಿಗೆ ತಿನ್ನಬಾರದು ಅನ್ನುವುದೂ ಯಹೂದಿಗಳ ಆಹಾರದ (ಕೋಷರ್) ನಿಯಮ. ಮಾಂಸದ ಮೇಲೆ ಚೀಸ್ ಕರಗಿಸಿ ಹಾಕುವ ರೂಬನ್ ಹುಟ್ಟಿದಾಗಲೇ ಆ ನಿಯಮ ಮೀರಿದೆ. ಅದರ ಹುಟ್ಟೂರಿನ ಬಗ್ಗೆಯೂ ಜಗಳ ಇದೆ. ನ್ಯೂಯಾರ್ಕ್‌ನವರು ಆರ್ನಾಲ್ಡ್ ರೂಬನ್ ಅವರ ಡೆಲಿಯ ಹೆಸರು ಹೇಳುತ್ತಾರೆ. ನೆಬ್ರಾಸ್ಕಾದ ಒಮಾಹಾದವರು ಕಿರಾಣಿ ವ್ಯಾಪಾರಿ ರೂಬನ್ ಕುಲಕೋಫ್ಸ್ಕಿ, ಬ್ಲ್ಯಾಕ್‌ಸ್ಟೋನ್ ಹೋಟೆಲ್, ಅಲ್ಲಿನ ಪೋಕರ್ ಆಟ ಅಂತ ಕಥೆ ಹೇಳುತ್ತಾರೆ. 1956ರಲ್ಲಿ ಒಮಾಹಾದ ಫರ್ನ್ ಸ್ನೈಡರ್ ಎಂಬಾಕೆ ಇದೇ ಸ್ಯಾಂಡ್‌ವಿಚ್‌ನಿಂದ ರಾಷ್ಟ್ರಮಟ್ಟದ ಸ್ಪರ್ಧೆ ಗೆದ್ದ ಮೇಲೆ ಹೆಸರು ದೇಶದ ತುಂಬ ಹಬ್ಬಿತು. ನನಗಂತೂ ಒಮಾಹಾದ ಕಥೆಯೇ ಇಷ್ಟ. ಇಸ್ಪೀಟು ಆಡುತ್ತಾ ಕೂತವರಿಗೆ ನಡುರಾತ್ರಿ ಹಸಿವಾದರೆ ಇಂಥದ್ದೇ ತಿಂಡಿ ಹೊಳೆಯುವುದು, ಅಲ್ವಾ?

ಈಗ ಅಡುಗೆ. ಆರು ಸ್ಯಾಂಡ್‌ವಿಚ್‌ಗೆ ಆರು ಬ್ರಾಟ್‌ವರ್ಸ್ಟ್, ಸುಮಾರು 700 ಗ್ರಾಂ ಸಾವರ್‌ಕ್ರೌಟ್, ಒಂದು ದೊಡ್ಡ ಈರುಳ್ಳಿ, ಒಂದು ಹುಳಿ ಸೇಬು, ಅರ್ಧ ಕಪ್ ಬಿಯರ್. ಬಿಯರ್ ಬೇಡದವರು ಉಪ್ಪಿಲ್ಲದ ಸ್ಟಾಕ್ (ಮಾಂಸ ಅಥವಾ ತರಕಾರಿ ಬೇಯಿಸಿದ ನೀರು) ಹಾಕಬಹುದು. ಅರ್ಧ ಕಪ್ ಅಂದರೆ ಅರ್ಧ ಕಪ್ಪೇ. ಎಷ್ಟೋ ಪಾಕವಿಧಾನಗಳಲ್ಲಿ ಪೂರ್ತಿ ಬಾಟಲಿ ಸುರಿಯಲು ಹೇಳುತ್ತಾರೆ. ಅದು ಸಾರು ಮಾಡುವವರಿಗೆ ಸರಿ.

ಸಾವರ್‌ಕ್ರೌಟ್ ಅಂದರೆ ಎಲೆಕೋಸನ್ನು ಸಣ್ಣಗೆ ಹೆಚ್ಚಿ, ತೂಕದ ಶೇಕಡಾ 2ರಿಂದ 2.5ರಷ್ಟು ಉಪ್ಪು ಬೆರೆಸಿ, ಅದೇ ಬಿಟ್ಟ ನೀರಿನಲ್ಲಿ ಮುಳುಗಿಸಿಟ್ಟು ಹುಳಿ ಬರಿಸಿದ್ದು. ವಿನಿಗರ್ ಹಾಕುವುದಿಲ್ಲ. ಆ ಹುಳಿ ಲ್ಯಾಕ್ಟಿಕ್ ಆಮ್ಲದ್ದು, ಮೊಸರಿಗೆ ಹುಳಿ ಕೊಡುವುದೂ ಅದೇ. ಜಾಡಿಯಿಂದ ತೆಗೆದು ಜರಡಿಗೆ ಹಾಕಿ, ಕೈಯಲ್ಲಿ ಮುಷ್ಟಿ ಮುಷ್ಟಿ ಹಿಡಿದು ಹಿಂಡುತ್ತೇನೆ. ತೊಳೆಯುವುದಿಲ್ಲ. ತೊಳೆದರೆ ಉಪ್ಪಿನ ಜೊತೆ ರುಚಿಯೂ ಚರಂಡಿ ಪಾಲು. ಹಿಂಡಿದ್ದರಲ್ಲಿ ಮೂರರಲ್ಲಿ ಒಂದು ಪಾಲನ್ನು ಫ್ರಿಜ್‌ನಲ್ಲಿ ತೆಗೆದಿಡುತ್ತೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮಸಾಲೆಯಲ್ಲಿ ನನ್ನದೇ ಒಂದು ಕೈಚಳಕ ಇದೆ. ಕಾರ್ನ್ಡ್ ಬೀಫ್‌ಗೆ ಅದರ ಘಮ ಬರುವುದು ಉಪ್ಪುನೀರಿಗೆ ಹಾಕುವ ಮಸಾಲೆಯಿಂದ. ಕೊತ್ತಂಬರಿ ಬೀಜ, ಸಾಸಿವೆ, ಕಾಳುಮೆಣಸು, ಆಲ್‌ಸ್ಪೈಸ್ (ಲವಂಗ, ದಾಲ್ಚಿನ್ನಿಯ ಘಮ ಇರುವ ಒಣ ಕಾಯಿ), ಬೇ ಎಲೆ. ಇದೇ ಸಾಮಾನನ್ನು ಸಾಸೇಜ್ ಜೊತೆ ಕುಕ್ಕರ್‌ಗೆ ಹಾಕಿದರೆ ಮುಚ್ಚಳ ತೆಗೆದಾಗ ಡೆಲಿಯ ವಾಸನೆಯೇ ಬರುತ್ತೆ. ಕೊತ್ತಂಬರಿ, ಸಾಸಿವೆ ಒಂದೊಂದು ಟೀ ಚಮಚ, ಹತ್ತು ಕಾಳುಮೆಣಸು, ನಾಲ್ಕು ಆಲ್‌ಸ್ಪೈಸ್, ಎರಡು ಬೇ ಎಲೆ. ಕುಟ್ಟಾಣಿಯಲ್ಲಿ ಒಡೆಯುವಷ್ಟೇ ಕುಟ್ಟಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟುತ್ತೇನೆ. ಸ್ಯಾಂಡ್‌ವಿಚ್ ಕಚ್ಚುವಾಗ ಹಲ್ಲಿಗೆ ಇಡೀ ಮೆಣಸು ಸಿಕ್ಕರೆ ಯಾರಿಗೂ ಖುಷಿಯಾಗಲ್ಲ. ಜೀರಿಗೆಯಂತೆ ಕಾಣುವ ಕ್ಯಾರವೇ ಕಾಳು ಮಾತ್ರ ಗಂಟಿಗೆ ಸೇರುವುದಿಲ್ಲ. ಒಂದು ಚಮಚ ನೇರವಾಗಿ ಕೋಸಿಗೇ ಹೋಗುತ್ತೆ. ರೈ ಬ್ರೆಡ್‌ನ ಪರಿಮಳ ಅಂತ ನಾವು ಅಂದುಕೊಳ್ಳುವುದರಲ್ಲಿ ಅರ್ಧ ಇದರದ್ದೇ.

ಇನ್ನು ಸಾಸೇಜ್‌ಗೆ ಬಣ್ಣ ಬರಿಸುವುದು. ಸ್ಲೋ ಕುಕ್ಕರ್ ಎಷ್ಟು ಹೊತ್ತು ಓಡಿದರೂ ಒಳಗಿನ ಬಿಸಿ ನೀರು ಕುದಿಯುವ ಮಟ್ಟ ದಾಟಲ್ಲ. ಮಾಂಸ ಕಂದು ಬಣ್ಣಕ್ಕೆ ತಿರುಗಿ ಹುರಿದ ರುಚಿ ಬರಬೇಕಾದರೆ ಮೇಲ್ಮೈ 140 ಡಿಗ್ರಿ ಸೆಲ್ಸಿಯಸ್ ಹತ್ತಿರ ಬರಬೇಕು. ಹಾಗಾಗಿ ಹಸಿ ಸಾಸೇಜ್ ನೇರ ಕುಕ್ಕರ್‌ಗೆ ಹಾಕಿದರೆ ಬೆಂದೇನೋ ಬೇಯುತ್ತೆ, ನೋಡಲು ಮಾತ್ರ ಬಿಳಚಿಕೊಂಡಿರುತ್ತೆ. ದಪ್ಪ ತಳದ ಬಾಣಲೆಯಲ್ಲಿ ಚೂರೇ ಎಣ್ಣೆ ಸವರಿ, ಮಧ್ಯಮ ಉರಿಯಲ್ಲಿ ಎಲ್ಲ ಕಡೆ ತಿರುಗಿಸಿ ಆರೇಳು ನಿಮಿಷ ಹುರಿಯುತ್ತೇನೆ. ಉರಿ ಜೋರಾದರೆ ಸಿಪ್ಪೆ ಒಡೆದು ಒಳಗಿನ ಕೊಬ್ಬೆಲ್ಲ ಹೊರಗೆ ಬರುತ್ತೆ. ಫೋರ್ಕ್‌ನಿಂದ ಚುಚ್ಚುವುದೂ ಬೇಡ, ಇಕ್ಕಳದಲ್ಲೇ ತಿರುಗಿಸಿ. ಅದೇ ಬಾಣಲೆಯ ಕೊಬ್ಬಿನಲ್ಲಿ ಉದ್ದಕ್ಕೆ ಹೆಚ್ಚಿದ ಈರುಳ್ಳಿಯನ್ನು ಬಾಡಿಸಿದರೆ ಅದರ ನೀರು ಇಲ್ಲೇ ಆರುತ್ತೆ. ಕೊನೆಗೆ ಬಿಯರ್ ಸುರಿದು ತಳ ಕೆರೆದು, ಅರ್ಧಕ್ಕೆ ಇಂಗಿಸುತ್ತೇನೆ.

ಕುಕ್ಕರ್‌ನಲ್ಲಿ ತಳಕ್ಕೆ ಕೋಸು, ಹೆಚ್ಚಿದ ಸೇಬು, ಈರುಳ್ಳಿ. ನಡುವೆ ಮಸಾಲೆ ಗಂಟು. ಮೇಲೆ ಸಾಸೇಜ್. ಸಾಸೇಜ್ ಮೇಲಿದ್ದರೆ ಅದರ ಕೊಬ್ಬು ಕೋಸಿಗೆ ಇಳಿಯುತ್ತೆ, ಹುರಿದ ಸಿಪ್ಪೆ ನೀರಿನಲ್ಲಿ ಮುಳುಗಿ ರಬ್ಬರ್ ಆಗಲ್ಲ. ಕುಕ್ಕರ್‌ನ ‘ಲೋ’ ಅನ್ನುವ ಕಡಿಮೆ ಬಿಸಿಯಲ್ಲಿ ಮೂರೂವರೆಯಿಂದ ನಾಲ್ಕು ಗಂಟೆ. ಮೊದಲೇ ಬೇಯಿಸಿದ ನಾಕ್‌ವರ್ಸ್ಟ್ ಆದರೆ ಎರಡು ಗಂಟೆ ಸಾಕು. ಹಸಿಯದನ್ನು ಗಡಿಯಾರ ನೋಡಿ ನಂಬಬೇಡಿ, ಥರ್ಮಾಮೀಟರ್ ಚುಚ್ಚಿ ನೋಡಿ. ಹಂದಿ ಅಥವಾ ಬೀಫ್ ಸಾಸೇಜ್ ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಕೋಳಿಯದ್ದು 74. ಫ್ರೀಜರ್‌ನಿಂದ ತೆಗೆದ ಗಟ್ಟಿ ಸಾಸೇಜನ್ನು ಹಾಗೇ ಹಾಕಬಾರದು. ನಿಧಾನಕ್ಕೆ ಬಿಸಿಯಾಗುವ ಪಾತ್ರೆಯಲ್ಲಿ ಅದು ಬ್ಯಾಕ್ಟೀರಿಯಾ ಬೆಳೆಯುವ ಉಗುರು ಬೆಚ್ಚಗಿನ ಸ್ಥಿತಿಯಲ್ಲೇ ತುಂಬ ಹೊತ್ತು ಉಳಿದುಬಿಡುತ್ತೆ. ಮುಚ್ಚಳವನ್ನು ಸುಮ್ನೆ ಸುಮ್ನೆ ತೆಗೆಯುವುದೂ ಬೇಡ. ಹೋದ ಬಿಸಿ ತಿರುಗಿ ಬರಲು ಇಪ್ಪತ್ತು ನಿಮಿಷವಾದರೂ ಹಿಡಿಯುತ್ತೆ.

ಅಂದಹಾಗೆ, ಈ ಪಾತ್ರೆಗೂ ಡೆಲಿ ಅಡುಗೆಗೂ ದೂರದ ನೆಂಟಸ್ತಿಕೆ ಇದೆ. ಸ್ಲೋ ಕುಕ್ಕರ್ ಮಾಡಿದ ಇರ್ವಿಂಗ್ ನ್ಯಾಕ್ಸನ್ 1940ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಲಿಥುವೇನಿಯಾದಲ್ಲಿ ಯಹೂದಿಗಳ ವಿಶ್ರಾಂತಿ ದಿನವಾದ ಸಬ್ಬತ್‌ಗೆಂದು ಬೇಕರಿಯ ಒಲೆಯಲ್ಲಿ ರಾತ್ರಿಯಿಡೀ ಬೇಯಲು ಇಡುತ್ತಿದ್ದ ಚೋಲೆಂಟ್ ಅನ್ನುವ ಮಾಂಸ, ಕಾಳಿನ ಅಡುಗೆಯ ಬಗ್ಗೆ ತಾಯಿ ಹೇಳುತ್ತಿದ್ದ ಮಾತು ಅವರಿಗೆ ಪ್ರೇರಣೆ. ಕ್ರಾಕ್-ಪಾಟ್ ಅನ್ನುವ ಹೆಸರಿನಲ್ಲಿ ಅದು ಅಂಗಡಿಗೆ ಬಂದದ್ದು 1971ರಲ್ಲಿ.

ಸಾಸೇಜ್ ಬೇಯುವಷ್ಟರಲ್ಲಿ ಡ್ರೆಸ್ಸಿಂಗ್. ಅರ್ಧ ಕಪ್ ಮೇಯನೀಸ್, ಎರಡು ದೊಡ್ಡ ಚಮಚ ಕೆಚಪ್, ಎರಡು ಟೀ ಚಮಚ ತುರಿದ ಹಾರ್ಸ್‌ರ್ಯಾಡಿಷ್ (ಮೂಗಿಗೆ ಏರುವ ಖಾರದ ಬೇರು), ಸಣ್ಣಗೆ ಕೊಚ್ಚಿದ ಗರ್ಕಿನ್ (ಉಪ್ಪಿನಕಾಯಿ ಹಾಕಿದ ಪುಟ್ಟ ಸೌತೆ), ನಾಲ್ಕು ಹನಿ ವೂಸ್ಟರ್ ಸಾಸ್, ಚಿಟಿಕೆ ಪ್ಯಾಪ್ರಿಕಾ. ಬಾಟಲಿಯಲ್ಲಿ ಸಿಗುವ ಥೌಸಂಡ್ ಐಲ್ಯಾಂಡ್ ಕೂಡ ನಡೆಯುತ್ತೆ, ಆದರೆ ಅದು ಸಿಹಿ ಜಾಸ್ತಿ. ಹಾರ್ಸ್‌ರ್ಯಾಡಿಷ್ ಸೇರಿಸಿಕೊಂಡರೆ ಸರಿಹೋಗುತ್ತೆ. ಗರ್ಕಿನ್ ಕೊಚ್ಚಿದ ಮೇಲೆ ಅದನ್ನೂ ಹಿಂಡಿ. ಇಲ್ಲೂ ಅದೇ ನೀರಿನ ಕಥೆ.

ಸಾಸೇಜ್ ಬೆಂದ ಮೇಲಿನ ಹತ್ತು ನಿಮಿಷದಲ್ಲೇ ಸ್ಯಾಂಡ್‌ವಿಚ್ ಗೆಲ್ಲುವುದು ಅಥವಾ ಸೋಲುವುದು. ಮೊದಲು ತೆಗೆದಿಟ್ಟ ತಣ್ಣನೆ ಕೋಸನ್ನು ಕುಕ್ಕರ್‌ನ ಬಿಸಿ ಕೋಸಿಗೆ ಬೆರೆಸುತ್ತೇನೆ. ನಾಲ್ಕು ಗಂಟೆ ಬೆಂದದ್ದು ಮೆತ್ತಗೆ, ಸಿಹಿಸಿಹಿಯಾಗಿ, ಕೊಬ್ಬು ಹೀರಿಕೊಂಡು ಕೂತಿರುತ್ತೆ. ಹೊಸದು ಕಟುಂ ಅನ್ನುತ್ತೆ, ಹುಳಿಯೂ ಚುರುಕು. ಎರಡೂ ಸೇರಿದರೇ ಚೆಂದ. ಆಮೇಲೆ ಇಕ್ಕಳದಲ್ಲಿ ಹಿಡಿದು ಕುಕ್ಕರ್ ಅಂಚಿಗೆ ಒತ್ತಿ ರಸ ಇಳಿಸಿ ತಟ್ಟೆಗೆ ತೆಗೆಯುವುದು.

ಸಾಸೇಜನ್ನು ಉದ್ದಕ್ಕೆ ಸೀಳಿ ಪುಸ್ತಕದ ಹಾಗೆ ಬಿಡಿಸುತ್ತೇನೆ. ಪೂರ್ತಿ ಎರಡಾಗಿಸುವುದಿಲ್ಲ, ಒಂದು ಬದಿ ಅಂಟಿಕೊಂಡಿರಬೇಕು. ಸೀಳಿದ ಮುಖವನ್ನು ಕಾದ ಕಾವಲಿಗೆ ಒತ್ತಿ ಒಂದೂವರೆ ನಿಮಿಷ ಬಿಡಬೇಕು. ಮೊದಲು ಚುಂಯ್ ಅಂತ ಜೋರು ಸದ್ದು, ಅಂಚಿನಿಂದ ಹಬೆ. ಹಬೆ ನಿಂತು ಸದ್ದು ಸಣ್ಣಗಾದಾಗ ಮೇಲಿನ ನೀರು ಹೋಗಿದೆ ಅಂತ ಅರ್ಥ. ಎತ್ತಿ ನೋಡಿದರೆ ಮುಖದ ತುಂಬ ಕಂದು ಹೊಪ್ಪಳೆ, ನಡುವೆ ಅಲ್ಲಲ್ಲಿ ಕೊಬ್ಬಿನ ಮಿಂಚು. ಇದರಿಂದ ಇನ್ನೊಂದು ಲಾಭವೂ ಇದೆ. ದುಂಡನೆ ಸಾಸೇಜ್ ಬ್ರೆಡ್‌ನಿಂದ ಉರುಳಿ ಹೋಗುತ್ತೆ, ಚಪ್ಪಟೆಯದ್ದು ಕೂತ ಜಾಗ ಬಿಡುವುದಿಲ್ಲ.

ಬ್ರೆಡ್‌ಗೆ ಎರಡು ದಾರಿ. ಉದ್ದನೆ ಗಟ್ಟಿ ಸಿಪ್ಪೆಯ ರೋಲ್ ಆದರೆ ಸೀಳಿ ಬೆಣ್ಣೆ ಸವರಿ ಮೊದಲು ಸುಟ್ಟುಕೊಳ್ಳಿ. ಎರಡೂ ಒಳಮೈಗೆ ಸ್ವಿಸ್ ಚೀಸ್ ಹೊದಿಸಿ ಓವನ್‌ನ ಮೇಲಿನ ಉರಿಯಲ್ಲಿ ಕರಗಿಸಿ. ಕರಗಿದ ಚೀಸ್ ಕೋಸಿನ ರಸ ಬ್ರೆಡ್‌ಗೆ ಇಳಿಯದಂತೆ ತಡೆಯುತ್ತೆ. ಚೀಸನ್ನು ಕುಕ್ಕರ್‌ಗೇ ಹಾಕುವವರಿದ್ದಾರೆ. ನನಗೆ ಅದು ಸರಿ ಕಾಣಲ್ಲ, ಬಿಸಿ ಹುಳಿಯಲ್ಲಿ ಅದು ಗಂಟುಗಟ್ಟಿ ಎಣ್ಣೆ ಬಿಡುತ್ತೆ. ಚೀಸ್ ಮೇಲೆ ಸಾಸೇಜ್, ಅದರ ಮೇಲೆ ಕೋಸು, ಕಡೆಗೆ ಡ್ರೆಸ್ಸಿಂಗ್. ತಕ್ಷಣ ತಿನ್ನಬೇಕು.

ಇನ್ನೊಂದು ದಾರಿ ಅಸಲಿ ರೂಬನ್ ತರಹ ರೈ ಬ್ರೆಡ್ ಸ್ಲೈಸ್. ಹೊರಮೈಗೆ ಬೆಣ್ಣೆ, ಒಳಗೆ ಅದೇ ಕ್ರಮ, ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಭಾರ ಇಟ್ಟು ಎರಡೂ ಕಡೆ ಸುಡುವುದು. ರುಚಿಗೆ ಇದೇ ಮೇಲು, ಎರಡು ಮಾತಿಲ್ಲ. ಆದರೆ ಮನೆ ತುಂಬ ಜನ ಇದ್ದಾಗ ಒಂದೊಂದೇ ಸುಡುತ್ತಾ ನಿಂತರೆ ಮೊದಲು ತಿಂದವರು ಕೈ ತೊಳೆದಾಗಿರುತ್ತೆ. ಆಗ ರೋಲೇ ಗತಿ. ಕುಕ್ಕರನ್ನು ವಾರ್ಮ್‌ಗೆ ತಿರುಗಿಸಿ, ಚೀಸ್ ಕರಗಿಸಿದ ರೋಲ್, ಡ್ರೆಸ್ಸಿಂಗ್ ಬಟ್ಟಲು ಪಕ್ಕದಲ್ಲಿಟ್ಟರೆ ಬೇಕಾದವರು ಬೇಕಾದಷ್ಟು ಕಟ್ಟಿಕೊಳ್ಳುತ್ತಾರೆ. ಕೋಸಿನ ಪಕ್ಕ ಒಂದು ತೂತುಚಮಚ ಇಡಿ, ಮಾಮೂಲಿ ಸೌಟು ಬೇಡ.

ಮಕ್ಕಳು ಹುಳಿ ಕೋಸು ನೋಡಿ ಮುಖ ಕಿವುಚಿದರೆ ಕೋಲ್‌ಸ್ಲಾ (ಮೇಯನೀಸ್ ಬೆರೆಸಿದ ಹಸಿ ಕೋಸಿನ ಸಲಾಡ್) ಹಾಕಿ ಕೊಡಬಹುದು. ಡೆಲಿಗಳಲ್ಲೂ ಟರ್ಕಿ ಕೋಳಿ ಅಥವಾ ಪಾಸ್ಟ್ರಾಮಿಗೆ (ಮಸಾಲೆ ಹಚ್ಚಿ ಹೊಗೆಯಲ್ಲಿಟ್ಟ ಬೀಫ್) ಕೋಲ್‌ಸ್ಲಾ ಸೇರಿಸಿದ ರೇಚಲ್ ಅನ್ನುವ ಸ್ಯಾಂಡ್‌ವಿಚ್ ಇದೆ.

ಉಳಿದ ಸಾಸೇಜ್, ಕೋಸನ್ನು ಎರಡು ಗಂಟೆಯೊಳಗೆ ಅಗಲ ಡಬ್ಬಿಗೆ ಹಾಕಿ ಫ್ರಿಜ್‌ಗೆ ಸೇರಿಸಿ. ತಿರುಗಿ ಬಿಸಿ ಮಾಡಲು ಸ್ಲೋ ಕುಕ್ಕರ್ ಬಳಸಬೇಡಿ, ಅದು ನಿಧಾನ. ಬಾಣಲೆ ಒಳ್ಳೆಯದು. ನಾನು ಮಾರನೇ ದಿನ ಎರಡನ್ನೂ ಸಣ್ಣಗೆ ಹೆಚ್ಚಿ, ಬೇಯಿಸಿದ ಆಲೂಗಡ್ಡೆ ಜೊತೆ ತಳ ಗರಿಗರಿ ಆಗುವವರೆಗೆ ಹುರಿದು, ಮೇಲೊಂದು ಮೊಟ್ಟೆ ಒಡೆದು ಹಾಕುತ್ತೇನೆ. ಉಪ್ಪು ಮಾತ್ರ ಹಾಕಬೇಡಿ, ಕೋಸಿನಲ್ಲೇ ಬೇಕಾದಷ್ಟಿದೆ.