ಮೊಡವೆಗೆ ಮೂರು ತಿಂಗಳು ಕೊಡಿ: ಚರ್ಮದ ದಿನನಿತ್ಯದ ಆರೈಕೆ ಹೀಗೆ

ಇವತ್ತು ಕನ್ನಡಿಯಲ್ಲಿ ಕಂಡ ಮೊಡವೆ ನಿನ್ನೆ ರಾತ್ರಿ ಹುಟ್ಟಿದ್ದಲ್ಲ. ಚರ್ಮದೊಳಗೆ ಅದು ಶುರುವಾಗಿ ಎಷ್ಟೋ ವಾರ ಆಗಿರುತ್ತದೆ, ಕೆಲವೊಮ್ಮೆ ಎರಡು ತಿಂಗಳೇ ಆಗಿರಬಹುದು. ಹಾಗಿರುವಾಗ ರಾತ್ರಿ ಹಚ್ಚಿದ ಕ್ರೀಮ್ ಬೆಳಿಗ್ಗೆಯೇ ಕೆಲಸ ಮಾಡಬೇಕು ಅಂದರೆ ಆಗುವ ಮಾತಲ್ಲ. ಆದರೂ ಹೆಚ್ಚಿನವರು ಅದನ್ನೇ ನಿರೀಕ್ಷಿಸುತ್ತಾರೆ. ನಾಲ್ಕು ದಿನ ಒಂದು ಕ್ರೀಮ್, ಅದು ಆಗಲಿಲ್ಲ ಅಂತ ಇನ್ನೊಂದು, ಆಮೇಲೆ ಯಾರೋ ಹೇಳಿದ ಮತ್ತೊಂದು. ಕೊನೆಗೆ ಮೊಡವೆಯ ಜೊತೆ ಉರಿ, ಸಿಪ್ಪೆ ಏಳುವುದು, ಕೆಂಪಾಗುವುದು ಎಲ್ಲ ಸೇರಿಕೊಳ್ಳುತ್ತದೆ.

ಇಲ್ಲಿ ಹೇಳುವ ಕ್ರಮಕ್ಕೆ ಬೇಕಾದ್ದು ಮೂರು ನಾಲ್ಕು ವಸ್ತು, ಜೊತೆಗೆ ಮೂರು ತಿಂಗಳ ತಾಳ್ಮೆ. ಎರಡನೆಯದೇ ಕಷ್ಟದ್ದು.

ಮೊದಲು, ಒಳಗೆ ಏನಾಗುತ್ತಿದೆ?

ಮುಖ, ಎದೆ, ಬೆನ್ನಿನ ಚರ್ಮದಲ್ಲಿ ಕೂದಲ ಬುಡಕ್ಕೆ ಅಂಟಿಕೊಂಡು ಎಣ್ಣೆ ಗ್ರಂಥಿಗಳಿವೆ. ಹರೆಯದಲ್ಲಿ ಆಂಡ್ರೊಜನ್ ಹಾರ್ಮೋನು ಏರಿದಾಗ ಇವು ಜಾಸ್ತಿ ಎಣ್ಣೆ ಸುರಿಸುತ್ತವೆ. ಅದೇ ಹೊತ್ತಿಗೆ ರಂಧ್ರದ ಒಳಗೋಡೆಯ ಸತ್ತ ಕೋಶಗಳು ಸರಿಯಾಗಿ ಉದುರದೆ ಎಣ್ಣೆಯ ಜೊತೆ ಸೇರಿ ಬಿರಡೆ ಹಾಕಿಬಿಡುತ್ತವೆ. ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನುವ ಬ್ಯಾಕ್ಟೀರಿಯಾ ಎಲ್ಲರ ಚರ್ಮದಲ್ಲೂ ಇರುತ್ತದೆ. ಮುಚ್ಚಿದ ರಂಧ್ರದೊಳಗೆ ಅದು ಹೆಚ್ಚುತ್ತದೆ, ದೇಹ ಅದಕ್ಕೆ ಎದುರಾಗಿ ನಿಲ್ಲುತ್ತದೆ. ಆಗ ಊತ, ಕೆಂಪು, ಕೀವು.

ಇದರಲ್ಲಿ ಕೊಳೆಯ ಮಾತೇ ಇಲ್ಲ, ಗಮನಿಸಿದಿರಾ? ಬ್ಲ್ಯಾಕ್‌ಹೆಡ್‌ನ ಕಪ್ಪು ಕೂಡ ಕೊಳೆಯಲ್ಲ. ರಂಧ್ರದ ಬಾಯಿ ತೆರೆದಿರುವುದರಿಂದ ಒಳಗಿನ ಎಣ್ಣೆ ಮತ್ತು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಗಾಳಿಗೆ ಸಿಕ್ಕಿ ಕಪ್ಪಾಗುತ್ತದೆ, ಅಷ್ಟೇ. ಮೊಡವೆ ಬಂದ ಮಕ್ಕಳಿಗೆ ‘ಮುಖ ಸರಿಯಾಗಿ ತೊಳೆಯುವುದಿಲ್ಲ’ ಎಂದು ಗದರುವುದನ್ನು ದಯವಿಟ್ಟು ಬಿಡಿ. ಅದು ಸುಳ್ಳು ಆರೋಪ. ಆ ಮಾತು ಕೇಳಿದ ಮಗು ಮಾಡುವ ಮೊದಲ ಕೆಲಸ ಒರಟಾಗಿ ಉಜ್ಜುವುದು. ಉಜ್ಜಿದಷ್ಟೂ ಊತ ಹೆಚ್ಚುತ್ತದೆ.

ಹೆಜ್ಜೆ 1: ತೊಳೆಯುವುದು

ದಿನಕ್ಕೆ ಎರಡು ಸಲ ಸಾಕು. ಆಟ, ವ್ಯಾಯಾಮದಿಂದ ತುಂಬಾ ಬೆವರಿದ ದಿನ ಇನ್ನೊಂದು ಸಲ. ಉಗುರು ಬೆಚ್ಚಗಿನ ನೀರು, ಬೆರಳ ತುದಿ, ನೊರೆ ಕಡಿಮೆ ಇರುವ ಮೃದುವಾದ ಕ್ಲೆನ್ಸರ್. ಬ್ರಷ್, ಸ್ಕ್ರಬ್, ಒರಟು ಬಟ್ಟೆ ಯಾವುದೂ ಬೇಡ. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಅದರ ಪಿಎಚ್ ಸುಮಾರು 5. ಮಾಮೂಲಿ ಸಾಬೂನಿನದು 9ರಿಂದ 10. ಹಾಗಾಗಿ ಸಾಬೂನು ಹಾಕಿ ತೊಳೆದಾಗ ಮುಖ ಬಿಗಿದಂತೆ ಅನಿಸುತ್ತದೆ. ಅದನ್ನು ‘ಚೆನ್ನಾಗಿ ಸ್ವಚ್ಛವಾಯಿತು’ ಎಂದು ಅಂದುಕೊಳ್ಳಬೇಡಿ. ಚರ್ಮದ ಕಾವಲು ಪದರ ಸೊರಗುತ್ತಿದೆ ಎಂದು ಅದರ ಅರ್ಥ. ತೊಳೆದ ಮೇಲೆ ಟವೆಲ್‌ನಿಂದ ಮೆಲ್ಲಗೆ ಒತ್ತಿ ಒರೆಸಿ.

ಹೆಜ್ಜೆ 2: ಮಾಯಿಶ್ಚರೈಸರ್

‘ನನ್ನ ಮುಖವೇ ಎಣ್ಣೆ ಎಣ್ಣೆ, ಮತ್ತೆ ಅದರ ಮೇಲೆ ಕ್ರೀಮ್ ಯಾಕೆ?’ ಎಂದು ಕೇಳುವವರು ತುಂಬಾ ಜನ. ಎಣ್ಣೆ ಬೇರೆ, ನೀರಿನಂಶ ಬೇರೆ. ಮೊಡವೆಯ ಔಷಧಿಗಳು ಚರ್ಮವನ್ನು ಒಣಗಿಸುತ್ತವೆ. ಒಣಗಿ ಉರಿಯಲು ಶುರುವಾದರೆ ಎರಡೇ ವಾರಕ್ಕೆ ಔಷಧಿ ಬಿಟ್ಟುಬಿಡುತ್ತೀರಿ. ಔಷಧಿ ಮುಂದುವರಿಸಲು ಧೈರ್ಯ ಕೊಡುವುದು ಮಾಯಿಶ್ಚರೈಸರೇ. ಜೆಲ್ ಅಥವಾ ತೆಳುವಾದ ಲೋಷನ್ ಇರಲಿ, ಸುವಾಸನೆ ಇಲ್ಲದಿರಲಿ, ಡಬ್ಬಿಯ ಮೇಲೆ ‘ನಾನ್ ಕೊಮಿಡೊಜೆನಿಕ್’ ಎಂದಿರಲಿ. ರಂಧ್ರ ಮುಚ್ಚದಂತೆ ತಯಾರಿಸಿದ್ದು ಎಂದು ಅದರ ಅರ್ಥ.

ಹೆಜ್ಜೆ 3: ಒಂದು ಔಷಧಿ, ಒಂದೇ

ಇಡೀ ಲೇಖನದಲ್ಲಿ ಮುಖ್ಯವಾದ ಭಾಗ ಇದು. ಮೊಡವೆಗೆ ನಿಜವಾಗಿ ಕೆಲಸ ಮಾಡುತ್ತವೆ ಎಂದು ಸಾಬೀತಾಗಿರುವ ಹಚ್ಚುವ ಔಷಧಿಗಳು ಬೆರಳೆಣಿಕೆಯಷ್ಟೇ ಇವೆ. ಟ್ಯೂಬಿನ ಮುಂದಿನ ಚಿತ್ರ ನೋಡಬೇಡಿ, ಹಿಂದೆ ಬರೆದಿರುವ ಹೆಸರು ಓದಿ.

ಬರೀ ಬ್ಲ್ಯಾಕ್‌ಹೆಡ್, ಸಣ್ಣ ಬಿಳಿ ಗುಳ್ಳೆ ಇದ್ದರೆ ಸ್ಯಾಲಿಸಿಲಿಕ್ ಆಸಿಡ್‌ನಿಂದ ಶುರು ಮಾಡಬಹುದು. ಶೇ 0.5ರಿಂದ 2ರವರೆಗೆ ಸಿಗುತ್ತದೆ. ಅದು ಎಣ್ಣೆಯಲ್ಲಿ ಕರಗುವ ಆಮ್ಲ, ಹಾಗಾಗಿ ರಂಧ್ರದೊಳಗೆ ಇಳಿಯಬಲ್ಲದು.

ಕೆಂಪು ಗುಳ್ಳೆ, ಕೀವು ಇದ್ದರೆ ಬೆಂಜಾಯಿಲ್ ಪೆರಾಕ್ಸೈಡ್. ಶೇ 2.5, 5, 10 ಎಂದು ಬೇರೆ ಬೇರೆ ಸಾಮರ್ಥ್ಯದಲ್ಲಿ ಬರುತ್ತದೆ. ಜಾಸ್ತಿ ಇದ್ದದ್ದೇ ಒಳ್ಳೆಯದು ಅನಿಸುತ್ತದೆ ಅಲ್ವಾ? ಹಾಗಿಲ್ಲ. ಶೇ 2.5ರದ್ದು ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆ. ಇದರ ದೊಡ್ಡ ಗುಣ ಎಂದರೆ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ. ಆಂಟಿಬಯೋಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಒಗ್ಗಿಕೊಳ್ಳುತ್ತದೆ. ಅದಕ್ಕೇ ಡಾಕ್ಟರುಗಳು ಆ ಜೆಲ್ ಕೊಡುವಾಗ ಜೊತೆಗೆ ಇದನ್ನೂ ಬರೆಯುತ್ತಾರೆ. ಒಂದು ಎಚ್ಚರಿಕೆ: ಇದು ಬಟ್ಟೆಯ ಬಣ್ಣ ತೆಗೆಯುತ್ತದೆ. ದಿಂಬಿಗೆ, ಟವೆಲ್‌ಗೆ ಬಿಳಿ ಬಟ್ಟೆಯೇ ಇರಲಿ.

ಮೂರನೆಯದು ರೆಟಿನಾಯ್ಡ್ (ವಿಟಮಿನ್ ಎ ಸಂಬಂಧಿ ಔಷಧಿಗಳು) ಗುಂಪಿನ ಅಡಾಪಲೀನ್, ಸಾಮಾನ್ಯವಾಗಿ ಶೇ 0.1. ರಂಧ್ರ ಮುಚ್ಚಿಕೊಳ್ಳುವುದನ್ನೇ ಇದು ತಡೆಯುತ್ತದೆ. ಅಂದರೆ ಇನ್ನೂ ಕಣ್ಣಿಗೆ ಕಾಣದ ಮೊಡವೆಗೂ ಔಷಧಿ. ಹಾಗಾಗಿ ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಟ್ಟರೆ ಪ್ರಯೋಜನವಿಲ್ಲ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ಒಂದು ಬಟಾಣಿ ಕಾಳಿನಷ್ಟು ತೆಗೆದುಕೊಂಡು ಇಡೀ ಮುಖಕ್ಕೆ ತೆಳ್ಳಗೆ ಹಚ್ಚಿ. ಕಣ್ಣಿನ ಸುತ್ತ, ಮೂಗಿನ ಅಂಚು, ತುಟಿಯ ಮೂಲೆ ಬಿಡಿ. ಮೊದಲೆರಡು ವಾರ ದಿನ ಬಿಟ್ಟು ದಿನ ಹಚ್ಚಿ. ಉರಿ ಅನಿಸಿದರೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಔಷಧಿ. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಯೋಚಿಸುತ್ತಿರುವವರು ರೆಟಿನಾಯ್ಡ್ ಮುಟ್ಟಬಾರದು. ಅವರಿಗೆ ಅಜೆಲಾಯಿಕ್ ಆಸಿಡ್‌ನಂಥ ಸುರಕ್ಷಿತ ದಾರಿ ಇದೆ, ಡಾಕ್ಟರನ್ನು ಕೇಳಿ ಬಳಸಬೇಕು.

ಶುರುವಿನ ಕೆಲವು ವಾರ ಚರ್ಮ ಸ್ವಲ್ಪ ಒಣಗುವುದು, ಸಿಪ್ಪೆ ಏಳುವುದು ಸಹಜ. ಕೆಲವರಿಗೆ ಮೊಡವೆಯೇ ಹೆಚ್ಚಾದಂತೆ ಕಾಣುತ್ತದೆ. ಅಲ್ಲೇ ಕೈಬಿಡಬೇಡಿ. ಆರರಿಂದ ಎಂಟು ವಾರಕ್ಕೆ ವ್ಯತ್ಯಾಸ ಕಾಣಲು ಶುರುವಾಗುತ್ತದೆ. ಔಷಧಿ ಆಯಿತೋ ಇಲ್ಲವೋ ಎಂದು ತೀರ್ಮಾನ ಮಾಡುವುದು ಹನ್ನೆರಡು ವಾರ ಕಳೆದ ಮೇಲೆ. ಮುಖ ತಿಳಿಯಾದ ಮೇಲೂ ಪೂರ್ತಿ ನಿಲ್ಲಿಸಿದರೆ ಮೊಡವೆ ಮರಳುವುದುಂಟು. ಎಷ್ಟು ಕಾಲ ಮುಂದುವರಿಸಬೇಕು ಎಂದು ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಟೂತ್‌ಪೇಸ್ಟ್, ನಿಂಬೆ ರಸ, ಅಡುಗೆ ಸೋಡಾ ಮಾತ್ರ ಮುಖದ ಹತ್ತಿರ ತರಬೇಡಿ. ನಿಂಬೆ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು.

ಹೆಜ್ಜೆ 4: ಬಿಸಿಲು ಮತ್ತು ಕಲೆ

ಕಂದು ಮೈಬಣ್ಣದವರಿಗೆ ಮೊಡವೆಗಿಂತ ಅದು ಬಿಟ್ಟುಹೋಗುವ ಕಲೆಯದ್ದೇ ದೊಡ್ಡ ಚಿಂತೆ. ಗುಳ್ಳೆ ವಾರದಲ್ಲಿ ಹೋದರೂ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಿಸಿಲು ಬಿದ್ದಷ್ಟೂ ಅದು ಗಾಢವಾಗುತ್ತದೆ. ಎಸ್‌ಪಿಎಫ್ 30 ಅಥವಾ ಹೆಚ್ಚಿನ, ಯುವಿಎ ಕಿರಣವನ್ನೂ ತಡೆಯುವ ಸನ್‌ಸ್ಕ್ರೀನ್ ಬೆಳಿಗ್ಗೆಯ ಕೊನೆಯ ಪದರವಾಗಿರಲಿ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಹಾಕಿಕೊಳ್ಳಿ. ಮುಖ ಮತ್ತು ಕತ್ತಿಗೆ ಅಷ್ಟು ಬೇಕು. ಹೆಚ್ಚಿನವರು ಇದರ ಅರ್ಧವೂ ಹಚ್ಚುವುದಿಲ್ಲ. ಹೊರಗೇ ಇರುವುದಾದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕೆನ್ನೆ, ಹಣೆಯ ಮೇಲೆ ಹರಡುವ ಬಂಗು, ಅಂದರೆ ಮೆಲಾಸ್ಮಾ ಎಂಬ ಕಂದು ಕಲೆಗೂ ಮೊದಲ ಮದ್ದು ಸನ್‌ಸ್ಕ್ರೀನೇ. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಹೆಚ್ಚಿಸುತ್ತದೆ. ಅದಕ್ಕಾಗಿ ಐರನ್ ಆಕ್ಸೈಡ್ ಸೇರಿಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ.

ಹೆಜ್ಜೆ 5: ಕೈ ದೂರ

ಮೊಡವೆ ಹಿಸುಕಿದಾಗ ಹೊರಗೆ ಬರುವುದಕ್ಕಿಂತ ಒಳಗೆ ಹೋಗುವುದೇ ಹೆಚ್ಚು. ರಂಧ್ರದ ಗೋಡೆ ಒಡೆದು ಕೀವು ಆಳಕ್ಕೆ ಇಳಿದರೆ ಊತ ದೊಡ್ಡದಾಗುತ್ತದೆ, ಗುಂಡಿ ಬೀಳುತ್ತದೆ. ಕಲೆ ಕಾಲಕ್ರಮೇಣ ಮಾಸುತ್ತದೆ, ಗುಂಡಿ ತಾನಾಗಿ ತುಂಬಿಕೊಳ್ಳುವುದಿಲ್ಲ. ಕೈ ಸುಮ್ನೆ ಮುಖಕ್ಕೆ ಹೋಗುವ ಅಭ್ಯಾಸ ಇದ್ದವರು ಗುಳ್ಳೆಯ ಮೇಲೆ ಅಂಟಿಸುವ ಹೈಡ್ರೊಕೊಲಾಯ್ಡ್ ಪ್ಯಾಚ್ ಬಳಸಿ ನೋಡಬಹುದು. ಹಣೆಯ ಅಂಚಿನಲ್ಲೇ ಗುಳ್ಳೆ ಬರುತ್ತಿದ್ದರೆ ಕೂದಲಿಗೆ ಹಚ್ಚುವ ಎಣ್ಣೆ, ಜೆಲ್ ಕಡೆ ಗಮನ ಕೊಡಿ. ಗಲ್ಲದ ಕೆಳಗೆ ಬರುತ್ತಿದ್ದರೆ ಹೆಲ್ಮೆಟ್ ಪಟ್ಟಿ, ಮಾಸ್ಕ್ ಉಜ್ಜುತ್ತಿರಬಹುದು.

ಇದು ಮೊಡವೆಯೇ ಹೌದಾ?

ಎಷ್ಟೋ ಸಲ ಅಲ್ಲ. ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಎದ್ದು, ಜೊತೆಗೆ ತುರಿಕೆ ಇದ್ದರೆ ಅದು ಮಲಸೇಜಿಯಾ ಎಂಬ ಶಿಲೀಂಧ್ರದಿಂದ ಬಂದದ್ದಿರಬಹುದು. ಮೊಡವೆ ಸಾಮಾನ್ಯವಾಗಿ ನೋಯುತ್ತದೆ, ಅಷ್ಟಾಗಿ ತುರಿಸುವುದಿಲ್ಲ. ಶಿಲೀಂಧ್ರದ ಈ ಗುಳ್ಳೆಗೆ ಆಂಟಿಬಯೋಟಿಕ್ ಕೊಟ್ಟರೆ ಹೆಚ್ಚಾಗಬಹುದು, ಶಿಲೀಂಧ್ರದ ಔಷಧಿ ಬೇಕು.

ತಲೆಹೊಟ್ಟಿನ ಹಿಂದೆಯೂ ಇದೇ ಮಲಸೇಜಿಯಾ. ಕೀಟೊಕೊನಜೋಲ್ ಶೇ 2ರ ಶಾಂಪೂ ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ನೊರೆ ಬಂದ ತಕ್ಷಣ ತೊಳೆದುಬಿಟ್ಟರೆ ಔಷಧಿ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಮೂರರಿಂದ ಐದು ನಿಮಿಷ ತಲೆಯ ಚರ್ಮದ ಮೇಲೆ ಬಿಡಿ.

ಬೆವರುಸಾಲೆಗೆ ಔಷಧಿಗಿಂತ ತಂಪು ಮುಖ್ಯ. ಬೆವರಿನ ನಾಳ ಮುಚ್ಚಿಕೊಂಡು ಅದು ಬರುವುದರಿಂದ ದಪ್ಪ ಕ್ರೀಮ್, ಎಣ್ಣೆ ಹಚ್ಚಿದರೆ ಇನ್ನಷ್ಟು ಮುಚ್ಚುತ್ತದೆ. ಸಡಿಲ ಹತ್ತಿ ಬಟ್ಟೆ, ತಣ್ಣೀರು, ಗಾಳಿ, ಬೇಕಿದ್ದರೆ ಕ್ಯಾಲಮೈನ್ ಲೋಷನ್.

ಇಸುಬು, ಅಂದರೆ ಒಣಗಿ ತುರಿಸುವ ಎಕ್ಸಿಮಾ ಇದ್ದವರು ಸ್ನಾನವನ್ನು ಹತ್ತು ನಿಮಿಷದೊಳಗೆ ಮುಗಿಸಬೇಕು. ನೀರು ಬಿಸಿ ಬಿಸಿ ಬೇಡ. ಮೈ ಇನ್ನೂ ತೇವ ಇರುವಾಗಲೇ ಧಾರಾಳವಾಗಿ ಮಾಯಿಶ್ಚರೈಸರ್ ಹಚ್ಚಬೇಕು. ಸುವಾಸನೆ ಇಲ್ಲದ ಪೆಟ್ರೋಲಿಯಂ ಜೆಲ್ಲಿಯೂ ಆದೀತು. ಮಕ್ಕಳ ಉಗುರು ಚಿಕ್ಕದಾಗಿರಲಿ.

ರಾತ್ರಿ ಹೊತ್ತು ತುರಿಕೆ ಹೆಚ್ಚಾಗಿ, ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಗುಳ್ಳೆ ಇದ್ದು, ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿದ್ದರೆ ಕಜ್ಜಿ ಇರಬಹುದು. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಕೆಲಸ. ಡಾಕ್ಟರ್ ಹೇಳಿದ ಔಷಧಿಯನ್ನು ಮನೆಯ ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು, ತುರಿಕೆ ಇಲ್ಲದವರೂ ಸೇರಿ. ಒಬ್ಬರು ಬಿಟ್ಟರೂ ಮತ್ತೆ ಸುತ್ತು ಶುರು. ಬಟ್ಟೆ, ಹಾಸಿಗೆ ಹೊದಿಕೆಯನ್ನು ಅದೇ ದಿನ ಬಿಸಿನೀರಿನಲ್ಲಿ ಒಗೆಯಿರಿ. ಔಷಧಿ ಕೆಲಸ ಮಾಡಿದ ಮೇಲೂ ಎರಡು ಮೂರು ವಾರ ತುರಿಕೆ ಇರಬಹುದು, ಅದಕ್ಕೆ ಹೆದರಿ ದಿನಾ ಹಚ್ಚಬೇಡಿ.

ಹುಳುಕಡ್ಡಿ, ಮತ್ತು ಆ ಟ್ಯೂಬ್

ಅಂಚು ಉಬ್ಬಿ, ನಡುವೆ ತಿಳಿಯಾಗಿ, ಉಂಗುರದಂತೆ ಹರಡುವ ತುರಿಕೆ ಹುಳುಕಡ್ಡಿ. ಹೆಸರಲ್ಲಿ ಹುಳ ಇದ್ದರೂ ಕಾರಣ ಶಿಲೀಂಧ್ರ. ಟರ್ಬಿನಾಫಿನ್, ಕ್ಲೋಟ್ರಿಮಜೋಲ್‌ನಂಥ ಔಷಧಿಯನ್ನು ಉಂಗುರದ ಅಂಚಿನಿಂದ ಸುಮಾರು ಎರಡು ಸೆಂಟಿಮೀಟರ್ ಆಚೆಯವರೆಗೂ ಹಚ್ಚಬೇಕು. ಕಣ್ಣಿಗೆ ಹೋಯಿತು ಅನಿಸಿದ ಮೇಲೂ ಡಾಕ್ಟರ್ ಹೇಳಿದಷ್ಟು ದಿನ ಮುಂದುವರಿಸಬೇಕು. ತೊಡೆಸಂದು, ಕಂಕುಳು ಒಣಗಿರಲಿ. ಟವೆಲ್ ಯಾರ ಜೊತೆಗೂ ಹಂಚಿಕೊಳ್ಳಬೇಡಿ.

ಇಲ್ಲೇ ಜನ ದೊಡ್ಡ ಗುಂಡಿಗೆ ಬೀಳುತ್ತಾರೆ. ಡಾಕ್ಟರನ್ನು ನೋಡದೆ ತಂದ ‘ಎಲ್ಲದಕ್ಕೂ ಆಗುವ’ ಟ್ಯೂಬಿನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್, ಫ್ಲೂಸಿನೋಲೋನ್: ಈ ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಔಷಧಿ ನಾಟಿತು ಅನಿಸುತ್ತದೆ. ಒಳಗೆ ಶಿಲೀಂಧ್ರ ಆರಾಮಾಗಿ ಹರಡುತ್ತಿರುತ್ತದೆ. ಉಂಗುರದ ಗುರುತೇ ಅಳಿಸಿಹೋಗಿ, ಕೊನೆಗೆ ಡಾಕ್ಟರಿಗೂ ಗುರುತಿಸಲು ಕಷ್ಟವಾಗುತ್ತದೆ. ಮುಖ ಬೆಳ್ಳಗಾಗಲಿ ಎಂದು ಇದೇ ಕ್ರೀಮ್ ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳುವಾಗುತ್ತದೆ, ಕೆಂಪು ರಕ್ತನಾಳ ಕಾಣಿಸುತ್ತದೆ, ಮೊಡವೆ ಮತ್ತು ಬೇಡದ ಕೂದಲು ಬರುತ್ತದೆ. ಬಿಟ್ಟರೆ ಮುಖ ಉರಿಯುತ್ತದೆ, ಉರಿಗೆ ಹೆದರಿ ಮತ್ತೆ ಹಚ್ಚುತ್ತಾರೆ. ಈಗಾಗಲೇ ಬಹಳ ಕಾಲ ಬಳಸಿದ್ದರೆ ಒಂದೇ ಸಲ ನಿಲ್ಲಿಸಲು ಹೋಗದೆ ಚರ್ಮದ ಡಾಕ್ಟರನ್ನು ಕಾಣಿ. ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ. ಇಸುಬಿಗೆ ಅದು ಬಹಳ ಒಳ್ಳೆಯದು, ಎಲ್ಲಿ, ಎಷ್ಟು, ಎಷ್ಟು ದಿನ ಎಂದು ತಿಳಿದವರು ಹೇಳಿದಾಗ.

ಡಾಕ್ಟರ ಹತ್ತಿರ ಯಾವಾಗ?

ಚರ್ಮದಡಿಯಲ್ಲಿ ಗಟ್ಟಿಯಾಗಿ ನೋಯುವ ಗಂಟುಗಳಿದ್ದರೆ, ಗುಂಡಿ ಬೀಳಲು ಶುರುವಾಗಿದ್ದರೆ ಮೂರು ತಿಂಗಳು ಕಾಯಬೇಡಿ, ತಕ್ಷಣ ಹೋಗಿ. ಇಂಥ ಮೊಡವೆಗೆ ಐಸೊಟ್ರೆಟಿನೋಯಿನ್ ಮಾತ್ರೆ ಬೇಕಾಗಬಹುದು. ಅದು ಹುಟ್ಟುವ ಮಗುವಿಗೆ ಗಂಭೀರ ತೊಂದರೆ ಮಾಡಬಲ್ಲದು. ಹಾಗಾಗಿ ಡಾಕ್ಟರ ನಿಗಾ ಇಲ್ಲದೆ ಒಂದು ಮಾತ್ರೆಯನ್ನೂ ನುಂಗಬಾರದು. ಹೆಣ್ಣುಮಕ್ಕಳಲ್ಲಿ ಮೊಡವೆಯ ಜೊತೆ ಮುಟ್ಟು ಏರುಪೇರಾಗುವುದು, ಗಲ್ಲದ ಮೇಲೆ ಕೂದಲು ಬರುವುದು ಇದ್ದರೆ ಹಾರ್ಮೋನು ಪರೀಕ್ಷೆ ಬೇಕಾಗುತ್ತದೆ. ಮೊಡವೆಯಿಂದಾಗಿ ಮಗು ಹೊರಗೆ ಹೋಗುವುದನ್ನೇ ಬಿಟ್ಟಿದೆ, ಫೋಟೊಗೆ ಮುಖ ಮರೆಸುತ್ತದೆ ಅಂದರೆ ಅದೊಂದೇ ಕಾರಣ ಸಾಕು. ‘ವಯಸ್ಸಿಗೆ ಬರೋದು, ಹೋಗುತ್ತೆ ಬಿಡು’ ಎಂದು ತಳ್ಳಿಹಾಕಬೇಡಿ.

ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಟ್ಯೂಬ್, ಫೇಸ್‌ವಾಶ್, ಕ್ರೀಮ್‌ಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಖಾಲಿಯಾದದ್ದನ್ನೂ. ಎರಡು ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ತೆಗೆದ ಫೋಟೊಗಳಿದ್ದರೆ ಅವನ್ನೂ ತೋರಿಸಿ. ‘ಹೋದ ತಿಂಗಳಿಗಿಂತ ಹೇಗಿದೆ?’ ಎಂದು ಡಾಕ್ಟರ್ ಕೇಳಿದಾಗ ನೆನಪಿಗಿಂತ ಫೋಟೊ ಸರಿಯಾದ ಉತ್ತರ ಕೊಡುತ್ತದೆ.